ಟ್ರೆಡಲ್ ಮೇಲೆ ಒಂದು ಲಗ್ನಪತ್ರಿಕೆ

ಗೆಳತಿಯ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯ ಕೆಲಸ ನನ್ನ ಪಾಲಿಗೆ ಬಂತು. ನಾನು ಹುಬ್ಬಳ್ಳಿಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ, ದಿನವಿಡೀ ಕಂಪ್ಯೂಟರ್ ಮುಂದೆ. ಅವಳು ಕೇಳಿದ್ದು ಮಾತ್ರ ಕಂಪ್ಯೂಟರಿನ ಕೆಲಸವಲ್ಲ. ಅಜ್ಜಿಯ ಚಂದ್ರಕಾಳಿ ಸೀರೆಯ ಮೇಲಿರುವ ಕಸೂತಿ ಗೋಪುರ ಪತ್ರಿಕೆಯ ಮೇಲೆ ಬರಬೇಕು. ಅದನ್ನು ಕೈಯಲ್ಲೇ ಕೊರೆಯಬೇಕು. ಅಕ್ಷರಗಳು ಹಳೆಯ ಸೀಸದ ಮೊಳೆಯಲ್ಲಿ, ಅಂದರೆ ಒಂದೊಂದಾಗಿ ಜೋಡಿಸುವ ಲೋಹದ ಅಚ್ಚಕ್ಷರದಲ್ಲಿ, ಅಚ್ಚಾಗಬೇಕು.

ಈಗ ಇಂಥ ಆಸೆ ಬಹಳ ಜನರಿಗೆ ಇದೆ. ಪುಸ್ತಕದ ಮುಖಪುಟ, ಕಾಫಿಪುಡಿ ಪೊಟ್ಟಣ, ನಾಟಕದ ಪೋಸ್ಟರ್, ಎಲ್ಲಿ ನೋಡಿದರೂ ಲಿನೋ, ಮರದಚ್ಚು, ಸ್ಕ್ರೀನ್ ಪ್ರಿಂಟ್ ಮತ್ತೆ ಕಾಣುತ್ತಿವೆ. ಅಮೆರಿಕದಲ್ಲಿ 1990ರ ದಶಕದಿಂದಲೇ ಮದುವೆ ಕಾರ್ಡುಗಳ ನೆಪದಲ್ಲಿ ಮೊಳೆಯಚ್ಚಿಗೆ ಮತ್ತೆ ಬೇಡಿಕೆ ಬಂತು. ನ್ಯಾಶ್‌ವಿಲ್‌ನ ಹ್ಯಾಚ್ ಶೋ ಪ್ರಿಂಟ್ 1879ರಲ್ಲಿ ಶುರುವಾದದ್ದು. ಅಲ್ಲಿ ಇವತ್ತಿಗೂ ಮರದ ಅಕ್ಷರ ಜೋಡಿಸಿ ಪೋಸ್ಟರ್ ಹಾಕುತ್ತಾರೆ. ನಮಗೆ ಅಷ್ಟು ದೂರ ನೋಡುವ ಅಗತ್ಯ ಇಲ್ಲ. ಪಕ್ಕದಲ್ಲೇ ಗದುಗು ಇದೆ. ಅದಕ್ಕೆ ಮುದ್ರಣ ಕಾಶಿ ಅಂತಲೇ ಹೆಸರು. ಲಾರಿಗಳಿಂದ ಹೆಸರಾದ ವಿಜಯ ಸಂಕೇಶ್ವರರ ಮನೆತನದ ಮೂಲ ದಂಧೆಯೂ ಗದುಗಿನ ಮುದ್ರಣವೇ.

ಮೊದಲು ಲಿನೋ ಕೊರೆದುಕೊಂಡೆ. ಲಿನೋಲಿಯಂ ಅಂದರೆ ಅಗಸೆ ಎಣ್ಣೆ, ಕಾರ್ಕಿನ ಪುಡಿ ಕಲಸಿ ಬಟ್ಟೆಯ ಮೇಲೆ ಹಚ್ಚಿ ಮಾಡಿದ ಹಾಳೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅದನ್ನು ನೆಲಕ್ಕೆ ಹಾಸಲೆಂದು ಮಾಡಿದ್ದ. ಮರದ ಹಾಗೆ ಅದಕ್ಕೆ ಎಳೆ ಇಲ್ಲ, ಉಳಿ ಯಾವ ಕಡೆಗಾದರೂ ಓಡುತ್ತದೆ. ಹಾಗಾಗಿ ಚಿತ್ರಕಾರರು ಅದನ್ನು ಕೊರೆಯಲು ಎತ್ತಿಕೊಂಡರು. ಕೋಲು ಹಿಡಿದು ನಡೆಯುವ ಗಾಂಧಿಯ ಕಪ್ಪು ಬಿಳುಪು ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ದಂಡಿಯಾತ್ರೆಯ ವರ್ಷ, 1930ರಲ್ಲಿ, ನಂದಲಾಲ್ ಬೋಸ್ ಲಿನೋದಲ್ಲೇ ಕೊರೆದದ್ದು ಅದು.

ಚಂದ್ರಕಾಳಿ ಕಪ್ಪು ಸೀರೆ, ಅದರ ಮೇಲೆ ತಿಳಿ ಬಣ್ಣದ ದಾರ. ಆದ್ದರಿಂದ ಗೆರೆಗಳನ್ನೇ ಕೊರೆದು ತೆಗೆದರೆ ಸಾಕು, ಸುತ್ತಲಿನ ನೆಲಕ್ಕೆ ಬಣ್ಣ ಬರುತ್ತದೆ, ಗೆರೆ ಬಿಳಿಯಾಗಿ ಉಳಿಯುತ್ತದೆ. ಗೋಪುರ ಎಡಬಲ ಒಂದೇ ಇರುವುದರಿಂದ ತಿರುವುಮುರುವಾಗಿ ಕೊರೆಯುವ ತಲೆನೋವು ಇರಲಿಲ್ಲ. ಕಷ್ಟ ಇದ್ದದ್ದು ಮುರ್ಗಿ ಹೊಲಿಗೆಯಲ್ಲಿ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸೂಜಿ ಪ್ರತಿ ಮೂಲೆಯಲ್ಲಿ ತಾನಾಗಿ ನಿಲ್ಲುತ್ತದೆ, ಉಳಿ ನಿಲ್ಲುವುದಿಲ್ಲ. ಪ್ರತಿ ಮೆಟ್ಟಿಲಿಗೂ ಉಳಿ ಎತ್ತಿ, ಹಾಳೆ ತಿರುಗಿಸಿ, ಮತ್ತೆ ಊರಬೇಕು. ಎಷ್ಟೋ ವರ್ಷ ಕಸೂತಿಯ ಫೋಟೋ ತೆಗೆದು ಪರದೆಯ ಮೇಲೆ ಅಂಟಿಸಿದ್ದೇನೆ. ಆದರೆ ಒಂದು ಗೋಪುರದಲ್ಲಿ ಎಷ್ಟು ಸಲ ಕೈ ನಿಲ್ಲಬೇಕು ಅನ್ನುವುದು ಕೊರೆಯುವಾಗಲೇ ತಿಳಿದದ್ದು.

ಬೆಳಗಿನ ರೈಲಿಗೆ ಗದುಗಿಗೆ ಹೊರಟೆ. ಅಣ್ಣಿಗೇರಿ ದಾಟುವಾಗ ಎರಡೂ ಕಡೆ ಕಡಲೆ ಹೊಲ. ಬೆಟಗೇರಿಯ ಒಂದು ಓಣಿಯಲ್ಲಿ, ಮಗ್ಗದ ಸದ್ದು ಕೇಳುವಷ್ಟು ಹತ್ತಿರ, ಆ ಪ್ರೆಸ್ ಇದೆ. ಮುಂದೆ ಮಗನ ಆಫ್‌ಸೆಟ್ ಅಂಗಡಿ, ಹಿಂದಿನ ಕೋಣೆಯಲ್ಲಿ ಅಪ್ಪನ ಟ್ರೆಡಲ್, ಕಾಲಿನಿಂದ ತುಳಿದು ಓಡಿಸುವ ಅಚ್ಚಿನ ಯಂತ್ರ. ಅಪ್ಪನನ್ನು ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಅಂದೆ. ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ, ಆಫ್‌ಸೆಟ್ ಬಂದ ಮೇಲೆ ಎಷ್ಟೋ ಪ್ರೆಸ್ಸಿನವರು ಮೊಳೆಗಳನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಸೀಸ, ತವರ, ಆಂಟಿಮನಿ ಬೆರೆತ ಲೋಹ ಅದು, ಕರಗಿಸಿದರೆ ದುಡ್ಡು. ಟ್ರೆಡಲ್ ಮಾತ್ರ ಅಲ್ಲಲ್ಲಿ ಉಳಿದಿದೆ. ಬಿಲ್ ಪುಸ್ತಕಕ್ಕೆ ನಂಬರ್ ಹಾಕಲು, ಹರಿಯುವ ಜಾಗದಲ್ಲಿ ತೂತಿನ ಸಾಲು ಹೊಡೆಯಲು, ಕಾರ್ಡ್ ಮಡಚುವ ಗೆರೆ ಒತ್ತಲು ಅದು ಬೇಕೇ ಬೇಕು. ಕಾಕಾ ಮೊಳೆಗಳನ್ನೂ ಉಳಿಸಿಕೊಂಡಿದ್ದರು. ಮಗ ಎಷ್ಟು ಹೇಳಿದರೂ ಮಾರಲು ಬಿಟ್ಟಿರಲಿಲ್ಲ.

ಒಕ್ಕಣೆ ಓದಿದ ಕಾಕಾ ಮೊದಲು ಹೇಳಿದ್ದು, "ಇಷ್ಟು ಶ್ರೀ ನನ್ನ ಹತ್ರ ಇಲ್ಲವಾ ತಂಗಿ."

ಲಗ್ನಪತ್ರಿಕೆಯಲ್ಲಿ ಶ್ರೀ ಎಷ್ಟು ಸಲ ಬರುತ್ತದೆ ಅಂತ ನಾನು ಎಣಿಸಿಯೇ ಇರಲಿಲ್ಲ. ಮೇಲೆ ದೇವರ ಹೆಸರಿಗೆ ಶ್ರೀ, ಆಮೇಲೆ ಅಜ್ಜ, ಅಪ್ಪ, ಮಾವ, ದೊಡ್ಡಪ್ಪ ಎಲ್ಲರಿಗೂ ಒಂದೊಂದು, ಶ್ರೀಮತಿಗಳಿಗೂ ಒಂದೊಂದು. ಅಷ್ಟು ವರ್ಷ ಲಗ್ನಪತ್ರಿಕೆ ಹಾಕಿ ಕಾಕಾನ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಮನೆಮನೆಯ ಪೆಟ್ಟಿಗೆಯಲ್ಲಿ, ಶ್ರೀ ಮೊಳೆಗಳೇ ಎಲ್ಲಕ್ಕಿಂತ ಜಾಸ್ತಿ ಸವೆದಿದ್ದವು. ಚೊಕ್ಕವಾಗಿ ಉಳಿದವು ನಾಲ್ಕೋ ಐದೋ. ಗೆಳತಿಗೆ ಫೋನ್ ಮಾಡಿದೆ, ಅವಳು ಅಪ್ಪನಿಗೆ ಕೊಟ್ಟಳು. ಹತ್ತು ನಿಮಿಷದಲ್ಲಿ ಬಂಧುಬಳಗದ ಉದ್ದದ ಪಟ್ಟಿ ಹೋಯಿತು, ಎರಡೂ ಮನೆಯ ಹಿರಿಯರ ಹೆಸರು ಉಳಿದವು. ಸತ್ಯ ಹೇಳಬೇಕೆಂದರೆ ಪತ್ರಿಕೆ ಚೆಂದವಾದದ್ದೇ ಅಲ್ಲಿ. ನಾನು ಪರದೆಯ ಮೇಲೆ ಮಾಡಿದ್ದರೆ ಅಕ್ಷರ ಸಣ್ಣದು ಮಾಡಿ ಎಲ್ಲರನ್ನೂ ಒಳಗೆ ತುರುಕುತ್ತಿದ್ದೆ.

ಕಾಕಾ ಮೊಳೆ ಜೋಡಿಸುವುದನ್ನು ನೋಡಬೇಕು. ಎಡಗೈಯಲ್ಲಿ ಮೊಳೆ ಸಾಲಾಗಿ ನಿಲ್ಲಿಸುವ ಸ್ಟಿಕ್, ಬಲಗೈ ಕೇಸಿನ ಮನೆಗಳ ಮೇಲೆ. ಕಣ್ಣು ಕೇಸಿನ ಕಡೆ ಹೋಗುವುದೇ ಇಲ್ಲ. ಅಕ್ಷರಗಳು ತಲೆಕೆಳಗಾಗಿ ನಿಲ್ಲುತ್ತವೆ, ಸಾಲು ಎಡದಿಂದ ಬಲಕ್ಕೆ ಬೆಳೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರಕ್ಕೆ ಬೇರೆ ಮೊಳೆ, ಅದಕ್ಕೆ ಬೇರೆ ಮನೆ. ಎಲ್ಲಿ ಏನಿದೆ ಅನ್ನುವುದು ಬೆರಳಿಗೆ ಗೊತ್ತಿರಬೇಕು. ನಮ್ಮ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಬಂದದ್ದು ಕಲ್ಲಚ್ಚಿನಲ್ಲಿ. ಮುಂದಿನ ವರ್ಷ ಮೊಳೆಯಚ್ಚು ಬೇಕಾದಾಗ ಅದನ್ನು ಬಳ್ಳಾರಿಗೆ ಒಯ್ಯಬೇಕಾಯಿತು. ಕನ್ನಡದ ಮೊಳೆ ಮಾಡಿಸುವುದು ಸಣ್ಣ ಕೆಲಸ ಆಗಿರಲಿಲ್ಲ ಅನ್ನುವುದು ಕಾಕಾನ ಕೇಸಿನ ಮುಂದೆ ನಿಂತಾಗ ಅರ್ಥವಾಗುತ್ತದೆ.

ಲಿನೋ ಮತ್ತು ಮೊಳೆ ಒಟ್ಟಿಗೆ ಬೇಡ ಎಂದರು. ತುಂಬು ಬಣ್ಣದ ಲಿನೋಗೆ ಶಾಯಿ ಜಾಸ್ತಿ ಬೇಕು, ಒತ್ತಡವೂ ಜಾಸ್ತಿ. ಅದೇ ಶಾಯಿ ಮೊಳೆಗೆ ಬಿದ್ದರೆ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಆದ್ದರಿಂದ ಮೊದಲು ಲಿನೋ ಕುಂಕುಮ ಬಣ್ಣದಲ್ಲಿ, ಆಮೇಲೆ ಮೊಳೆ ಕಪ್ಪಿನಲ್ಲಿ. ನಾನು ಲಿನೋವನ್ನು ಪ್ಲೈವುಡ್ಡಿಗೆ ಅಂಟಿಸಿ ತಂದಿದ್ದೆ. ಮೊಳೆಯ ಎತ್ತರ 0.918 ಇಂಚು, ಬ್ಲಾಕೂ ಅಷ್ಟೇ ಇರಬೇಕು. ಕಾಕಾ ಅದರ ಪಕ್ಕ ಒಂದು ಮೊಳೆ ನಿಲ್ಲಿಸಿದರು. ಎರಡರ ತಲೆಯ ಮೇಲೂ ಹೆಬ್ಬೆರಳು ಸವರಿ, ಬ್ಲಾಕಿನ ಕೆಳಗೆ ಎರಡು ಹಾಳೆ ತೆಳು ಕಾಗದ ಇಟ್ಟರು. ಸುತ್ತ ಮರದ ತುಂಡು ತುಂಬಿ, ಬೆಣೆ ಬಿಗಿದು, ಇದನ್ನೆಲ್ಲ ಹಿಡಿದಿಡುವ ಚೌಕಟ್ಟು, ಚೇಸನ್ನು, ಟ್ರೆಡಲಿಗೆ ಏರಿಸಿದರು.

ಮೊದಲ ಅಚ್ಚಿನಲ್ಲಿ ಗೋಪುರದ ಬುಡ ಕಡುಗೆಂಪಾಗಿ ಬಂತು, ಶಿಖರದ ಹತ್ತಿರ ಮಂಕು. ಒತ್ತಡ ಹೆಚ್ಚಿಸುತ್ತಾರೆ ಅಂದುಕೊಂಡೆ. ಅವರು ಹಾಗೆ ಮಾಡಲಿಲ್ಲ. ಟಿಶ್ಯೂ ಕಾಗದ ತೆಗೆದುಕೊಂಡು, ಮಂಕಾದ ಜಾಗದ ಆಕಾರಕ್ಕೆ ಹರಿದು, ಪ್ಯಾಕಿಂಗ್ ಮೇಲೆ, ಅಂದರೆ ಹಾಳೆಯ ಹಿಂದೆ ಇರುವ ಕಾಗದದ ಮೆತ್ತೆಯ ಮೇಲೆ, ಅಂಟಿಸಿದರು. ಕತ್ತರಿಯಿಂದ ಏಕೆ ಕತ್ತರಿಸಲಿಲ್ಲ ಎಂದು ಕೇಳಿದೆ. ಕತ್ತರಿಸಿದ ಅಂಚು ಅಚ್ಚಿನಲ್ಲಿ ಗೆರೆಯಾಗಿ ಕಾಣುತ್ತದಂತೆ, ಹರಿದ ಅಂಚು ಕಾಣುವುದಿಲ್ಲ. ಮತ್ತೊಂದು ಅಚ್ಚು, ಮತ್ತೊಂದು ಚೂರು. ಊಟದ ಹೊತ್ತಾಗುವವರೆಗೆ ಇದೇ ನಡೆಯಿತು. ಅಷ್ಟರಲ್ಲಿ ಒಂದೇ ಒಂದು ಪತ್ರಿಕೆಯೂ ಆಗಿರಲಿಲ್ಲ.

ಊಟ ಮಾಡುತ್ತ ಗೆಳತಿ ಕಳಿಸಿದ ಫೋಟೋಗಳನ್ನು ತೋರಿಸಿದೆ. ವಿದೇಶದ ಕಾರ್ಡುಗಳು. ದಪ್ಪ ಹತ್ತಿಯ ಕಾಗದದಲ್ಲಿ ಅಕ್ಷರ ಆಳವಾಗಿ ಇಳಿದಿದೆ, ನೆರಳು ಬೀಳುವಷ್ಟು. ಇವತ್ತು ಮೊಳೆಯಚ್ಚು ಬೇಕು ಅನ್ನುವವರು ಬಹುಪಾಲು ಕೇಳುವುದೇ ಆ ತಗ್ಗನ್ನು.

ಕಾಕಾ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಮೊಳಿ ಕೊಲ್ಲೂ ಕೆಲಸ. ನಮ್ಮ ಉಸ್ತಾದರು ಮುಂದ ನೋಡ್ತಿದ್ದಿಲ್ಲ, ಹಾಳಿ ಹಿಂದ ಬಟ್ಟು ಆಡಸ್ತಿದ್ರು. ಅಚ್ಚು ಹಿಂದ ಹತ್ತಿದ್ರ ಅವತ್ತಿನ ಪಗಾರ ಇಲ್ಲ."

ಅವರ ಮಾತಿಗೆ ಕಾರಣ ಇದೆ. ಮೊಳೆಯ ಲೋಹ ಮೆತ್ತಗೆ. ಜೋರಾಗಿ ಒತ್ತಿದರೆ ಮೊದಲು ಹೋಗುವುದು ತೆಳು ಗೆರೆ, ಒತ್ತಕ್ಷರದ ತುದಿ. ಹೊರದೇಶದವರು ಆ ತಗ್ಗು ತರಿಸುವುದು ಹೆಚ್ಚಾಗಿ ಪಾಲಿಮರ್ ಪ್ಲೇಟಿನಿಂದ. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಬೆಳಕಿಗೆ ಹಿಡಿದು, ನೀರಲ್ಲಿ ತೊಳೆದು ಮಾಡುವ ಪ್ಲೇಟ್ ಅದು. ಹಾಳಾದರೆ ಇನ್ನೊಂದು ಮಾಡಿಸಬಹುದು. ಪಾಲಿಮರ್ ಇದ್ದರೆ ಎಷ್ಟು ಬೇಕಾದರೂ ಒತ್ತಿ, ನನ್ನ ತಕರಾರಿಲ್ಲ. ಆದರೆ ಉಳಿದಿರುವ ಸ್ವಲ್ಪ ಕನ್ನಡ ಮೊಳೆಗಳ ಮೇಲೆ ಆ ಶೋಕಿ ಬೇಡ. ನಮ್ಮ ಪತ್ರಿಕೆಯಲ್ಲಿ ಅಕ್ಷರ ಕಾಗದಕ್ಕೆ ತಾಗಿದೆ, ಅಷ್ಟೇ. ಗೆಳತಿ ಒಪ್ಪಿದಳು.

ಮಧ್ಯಾಹ್ನ ಓಟ ಶುರುವಾಯಿತು. ಕಾಲು ಪೆಡಲಿನ ಮೇಲೆ, ಬಲಗೈ ಹಾಳೆ ಇಡುತ್ತದೆ, ಎಡಗೈ ತೆಗೆಯುತ್ತದೆ. ಮೇಲೆ ಶಾಯಿಯ ತಟ್ಟೆ ಪ್ರತಿ ಸಲ ಚೂರು ಚೂರು ತಿರುಗುತ್ತದೆ. ಒಮ್ಮೊಮ್ಮೆ ಕಾಕಾ ಒಂದು ಹಾಳೆಯನ್ನು ಬದಿಗೆ ಎಸೆಯುತ್ತಿದ್ದರು. ಒಂದನ್ನು ಎತ್ತಿಕೊಂಡೆ. ಬಣ್ಣ ಎಲ್ಲಾ ಕಡೆ ಕೂರದೆ ಚುಕ್ಕೆ ಚುಕ್ಕೆಯಾಗಿ ಕಾಗದ ಕಾಣುತ್ತಿತ್ತು. ನನಗೆ ಇಷ್ಟವಾಯಿತು. ಕೈಯಲ್ಲಿ ಮಾಡಿದ್ದು ಅನ್ನಿಸುತ್ತದೆ, ಇದನ್ನೂ ಇಟ್ಟುಕೊಳ್ಳೋಣ ಅಲ್ವಾ ಎಂದೆ.

"ಇದು ಕೈಗುಣ ಅಲ್ಲವಾ, ಶಾಯಿ ಕಡಿಮಿ ಬಿದ್ದೈತಿ."

ಬಹಳ ಹೊತ್ತು ಆ ಮಾತು ತಲೆಯಲ್ಲಿ ಓಡಿತು. ನಮ್ಮ ಡಿಸೈನ್ ಸಾಫ್ಟ್‌ವೇರಿಗೆ ಇಂಥ ಚುಕ್ಕೆಗಳನ್ನೇ ಕೃತಕವಾಗಿ ಹಾಕುವ ಫಿಲ್ಟರುಗಳಿವೆ, ಸವೆದಂತೆ ಕಾಣುವ ಫಾಂಟುಗಳಿವೆ. ಕಾಕಾ ಜೀವಮಾನವೆಲ್ಲ ತೆಗೆದು ಎಸೆದದ್ದನ್ನು ನಾವು ಕೈಕೆಲಸದ ಗುರುತು ಅಂತ ಮಾರುತ್ತಿದ್ದೇವೆ. ಅವರ ಹೆಮ್ಮೆ ಇದ್ದದ್ದು ಸಾವಿರನೆಯ ಹಾಳೆ ಮೊದಲನೆಯದರ ಹಾಗೇ ಬರುವುದರಲ್ಲಿ.

ಹಾಗಂತ ಅವರು ಎಲ್ಲ ಗುರುತನ್ನೂ ಅಳಿಸಲಿಲ್ಲ. ಲಿನೋದ ಅಂಚಿನಲ್ಲಿ, ನಾನು ಕೊರೆದು ಖಾಲಿ ಮಾಡಿದ ಜಾಗದಲ್ಲಿ, ಉಳಿಯ ದಿಬ್ಬಗಳಿಗೆ ಶಾಯಿ ತಾಗಿ ಸಣ್ಣ ಗೀರುಗಳು ಬರುತ್ತಿದ್ದವು. ತೆಗೆಯಲೇ ಎಂದು ಕೇಳಿದರು. ಬೇಡ ಎಂದೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕೊರದವ್ರ ಕೈ. ಇರ್ಲಿ" ಅಂದರು. ಉಳಿ ಹೋದ ದಾರಿಯನ್ನು ಬಿಟ್ಟರು, ಶಾಯಿಯ ಕೊರತೆಯನ್ನು ಬಿಡಲಿಲ್ಲ. ಕೈಯಚ್ಚು ಮತ್ತೆ ಬರುತ್ತಿದೆ ಅನ್ನುವಾಗ ಈ ಕಣ್ಣೂ ಜೊತೆಗೆ ಬರಬೇಕು. ಬರೀ ಒರಟುತನ ಬಂದರೆ ಏನು ಬಂತು?

ನಮ್ಮ ಬೆಂಗೇರಿಯ ವಿಷಯ ಹೇಳಿದೆ. ಹುಬ್ಬಳ್ಳಿಯ ಆ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. 24 ಗೆರೆಗಳ ಚಕ್ರವನ್ನು ಬಟ್ಟೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕುತ್ತಾರೆ, ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಕಾಕಾ ಕೆಲಸ ನಿಲ್ಲಿಸಿ ಕೇಳಿದರು. ಎರಡು ಮಗ್ಗುಲು ಹೇಗೆ ಹೊಂದಿಸುತ್ತಾರೆ, ಯಾವ ಬಣ್ಣ, ಒಣಗಲು ಎಷ್ಟು ಹೊತ್ತು ಅಂತ ಒಂದೊಂದಾಗಿ ವಿಚಾರಿಸಿದರು. ಒಮ್ಮೆ ಕರೆದುಕೊಂಡು ಹೋಗು ಅಂದರು. ಖಂಡಿತ ಕರೆದೊಯ್ಯುತ್ತೇನೆ.

ಹೊತ್ತು ಮುಳುಗುವಷ್ಟರಲ್ಲಿ ಮುನ್ನೂರು ಪತ್ರಿಕೆ ದಾರದ ಮೇಲೆ, ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದವು. ಚಿಮಣಿ ಎಣ್ಣೆ ಹಾಕಿ ಮೊಳೆ ಒರೆಸುತ್ತ ಕಾಕಾ ಹೇಳಿದ ದರ ಕೇಳಿ ನನಗೆ ಸಂಕಟವಾಯಿತು. ಬಿಲ್ ಪುಸ್ತಕಕ್ಕೆ ನಂಬರ್ ಹಾಕುವ ದರವನ್ನೇ ಹೇಳಿದ್ದರು. ಇದೇ ಕೆಲಸಕ್ಕೆ ದೊಡ್ಡ ಊರಿನ ಸ್ಟುಡಿಯೋಗಳು ಎಷ್ಟು ತೆಗೆದುಕೊಳ್ಳುತ್ತವೆ ಅಂತ ಮಗನಿಗೆ ಲೆಕ್ಕ ಹಾಕಿ ತೋರಿಸಿದೆ. ಪ್ಯಾಕಿಂಗ್‌ಗೆ ಹೋದ ಅರ್ಧ ದಿನಕ್ಕೂ ಕೂಲಿ ಹಿಡಿದು ಹೊಸ ದರ ಬರೆದುಕೊಂಡೆವು. ಡಿಸೈನ್ ಮಾಡುವವರಿಗೆ ಸಾವಿರಗಟ್ಟಲೆ, ಅಚ್ಚು ಹಾಕುವವರಿಗೆ ಚಿಲ್ಲರೆ, ಹಾಗಾದರೆ ಈ ಕಸುಬು ಮುಂದಿನ ಹತ್ತು ವರ್ಷ ಹೇಗೆ ಉಳಿಯುತ್ತದೆ?

ಆಷಾಢದಲ್ಲಿ ಲಗ್ನಗಳಿಲ್ಲ, ಪ್ರೆಸ್ ಖಾಲಿ ಇರುತ್ತದೆ. ಆಗ ಹುಬ್ಬಳ್ಳಿ ಧಾರವಾಡದಿಂದ ಚಿತ್ರಕಲೆ ಓದುವ ನಾಲ್ಕಾರು ಹುಡುಗ ಹುಡುಗಿಯರನ್ನು ಕರೆದುಕೊಂಡು ಬರುವುದು ಎಂದಾಗಿದೆ. ಕಾಕಾ ಒಂದು ಷರತ್ತು ಹಾಕಿದ್ದಾರೆ. ಮೊದಲ ವಾರ ಯಾರೂ ಟ್ರೆಡಲ್ ಮುಟ್ಟುವಂತಿಲ್ಲ, ಕಲಸಿಹೋದ ಮೊಳೆಗಳನ್ನು ಅವುಗಳ ಮನೆಗೆ ಹಾಕಬೇಕು. ಹಾವೇರಿ, ರಾಣೆಬೆನ್ನೂರು, ಲಕ್ಷ್ಮೇಶ್ವರ ಕಡೆ ಯಾರ ಮನೆಯಲ್ಲಾದರೂ ಹಳೆಯ ಪ್ರೆಸ್ಸಿನ ಮೊಳೆ ಗೋಣಿಚೀಲದಲ್ಲಿ ಬಿದ್ದಿದ್ದರೆ, ಗುಜರಿಗೆ ಹಾಕುವ ಮುಂಚೆ ದಯವಿಟ್ಟು ಒಂದು ಮಾತು ತಿಳಿಸಿ. ತೂಕಕ್ಕೆ ಗುಜರಿಯವರು ಕೊಡುವ ದರಕ್ಕಿಂತ ಜಾಸ್ತಿ ಕೊಟ್ಟು ತೆಗೆದುಕೊಳ್ಳುತ್ತೇವೆ. ಮೊದಲು ಹುಡುಕುತ್ತಿರುವುದು ಶ್ರೀ.