ಪಕ್ಕದ ಮನೆ ಅಜ್ಜಿಗೊಂದು ಮರದ ಖಾಚ್‌ಕಾರ್: ಕೆಲಸದ ಡೈರಿ

ಜನವರಿ 6, 2025

ಇವತ್ತು ಅರ್ಮೇನಿಯನ್ನರ ಕ್ರಿಸ್‌ಮಸ್. ಯೇಸು ಹುಟ್ಟಿದ್ದು, ದೀಕ್ಷಾಸ್ನಾನ ಪಡೆದದ್ದು ಎರಡನ್ನೂ ಅವರು ಇದೇ ದಿನ ಆಚರಿಸುತ್ತಾರೆ. ಪೂಜೆ ಮುಗಿದ ಮೇಲೆ ದೊಡ್ಡ ಪಾತ್ರೆಯ ನೀರಿಗೆ ಶಿಲುಬೆ ಅದ್ದುತ್ತಾರೆ. ಆ ನೀರನ್ನು ಜನ ಬಾಟಲಿಯಲ್ಲಿ ಮನೆಗೆ ಒಯ್ಯುತ್ತಾರೆ. ಥೇಟ್ ನಮ್ಮ ತೀರ್ಥ. ಪಕ್ಕದ ಮನೆ ಅಜ್ಜಿ ಪ್ರತಿ ವರ್ಷ ನಮಗೂ ಒಂದು ಬಾಟಲಿ ತರುತ್ತಾರೆ. ನಾವು ಅಮೆರಿಕದ ಈ ವಾಟರ್‌ಟೌನ್‌ಗೆ ಬಂದು ಒಂಬತ್ತು ವರ್ಷ ಆಯ್ತು, ಒಂದು ವರ್ಷವೂ ತಪ್ಪಿಲ್ಲ.

ಈ ಸಲ ಬಾಟಲಿ ತರಲು ನಾನೇ ಚರ್ಚ್‌ಗೆ ಹೋಗಿದ್ದೆ. ಮಹಿಳಾ ಸಂಘದ ಒಬ್ಬರು ಮೂಲೆಗೆ ಕರೆದು ಪಿಸುಗುಟ್ಟಿದರು. ಅಜ್ಜಿ ಈ ಚರ್ಚ್‌ಗೆ ದುಡಿಯಲು ಶುರುಮಾಡಿ 52 ವರ್ಷ. ಮೇ 18ಕ್ಕೆ ಸನ್ಮಾನ. "ನೀನು ಮರ ಕೆತ್ತುತ್ತೀಯಂತಲ್ಲ, ಏನಾದ್ರೂ ಮಾಡಿಕೊಡ್ತೀಯಾ? ಅವರಿಗೆ ಮಾತ್ರ ಗೊತ್ತಾಗಬಾರದು."

ಹೂಂ ಅಂದುಬಿಟ್ಟೆ.

ಜನವರಿ 19

ಏನು ಕೆತ್ತೋದು ಅಂತ ಕೆಲವು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಖಾಚ್‌ಕಾರ್ ಅಂತ ತೀರ್ಮಾನ. ಖಾಚ್ ಅಂದರೆ ಶಿಲುಬೆ, ಕಾರ್ ಅಂದರೆ ಕಲ್ಲು. ನಮ್ಮೂರ ವೀರಗಲ್ಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಲ್ಲಿಸಿದ ಚಪ್ಪಡಿ, ಮುಂದಿನ ಮುಖದ ತುಂಬ ಕೆತ್ತನೆ, ಯಾರ ಸಲುವಾಗಿ ಅಂತ ಕೆಳಗೋ ಪಕ್ಕದಲ್ಲೋ ಒಂದು ಬರಹ. ಆದರೆ ವೀರಗಲ್ಲಿನಲ್ಲಿ ಸತ್ತವನ ಕಥೆ ಇರುತ್ತದೆ. ಇಲ್ಲಿ ಕಥೆ ಇಲ್ಲ, ಸಾಮಾನ್ಯವಾಗಿ ಯೇಸುವಿನ ಮೂರ್ತಿಯೂ ಇರುವುದಿಲ್ಲ. ನಡುವೆ ಒಂದು ಶಿಲುಬೆ, ಅದರ ಬುಡದಿಂದ ಚಿಗುರುವ ಎಲೆಗಳು, ಕೆಳಗೆ ಸೂರ್ಯನಂಥ ಚಕ್ರ, ಸುತ್ತ ಹೆಣಿಗೆ. ಶಿಲುಬೆಯೇ ಒಂದು ಗಿಡ ಅನ್ನುವ ಹಾಗೆ.

ಅರ್ಮೇನಿಯಾದ ಸೆವಾನ್ ಸರೋವರದ ಹತ್ತಿರ ನೊರಾತುಸ್ ಅನ್ನುವ ಸ್ಮಶಾನದಲ್ಲಿ ಇಂಥವು ನೂರಾರು ನಿಂತಿವೆ. ಗೋಶಾವಾಂಕ್ ಮಠದಲ್ಲಿ ಪೊಘೋಸ್ ಅನ್ನುವ ಶಿಲ್ಪಿ 1291ರಲ್ಲಿ ಕೆತ್ತಿದ ಒಂದು ಕಲ್ಲಿದೆ. ಅದರ ಫೋಟೋ ನೋಡಿ ನಾನು ಸ್ವಲ್ಪ ಹೊತ್ತು ಉಳಿ ಕೆಳಗಿಟ್ಟೆ. ಕಲ್ಲಲ್ಲ ಅದು, ಕ್ರೋಶಾ ಲೇಸು.

ನನಗೆ ಕಲ್ಲು ಬರಲ್ಲ. ಸಾಗರದಲ್ಲಿ ಬೆಳೆದವನು, ಗುಡಿಗಾರರು ಗಂಧದ ಪೆಟ್ಟಿಗೆ ಕೆತ್ತುವುದನ್ನು ಶಾಲೆಯಿಂದ ಬರುವಾಗ ನಿಂತು ನೋಡಿದವನು. ಮರವೇ ಸರಿ. ಮರದಲ್ಲಿ ಮಾಡಿದರೆ ಮೋಸ ಅಂತೇನೂ ಇಲ್ಲ. ಮುಶ್ ಊರಿನ ಮಠದ್ದು ಅಂತ 1134ರ ಒಂದು ಮರದ ಬಾಗಿಲು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನ ಮ್ಯೂಸಿಯಂನಲ್ಲಿದೆ. ಮೈತುಂಬ ಕೆತ್ತನೆ.

ಅಳತೆ: 22 ಇಂಚು ಎತ್ತರ, 13 ಅಗಲ, ಒಂದೂವರೆ ಇಂಚು ದಪ್ಪ. ಮರ: ವಾಲ್‌ನಟ್. ಅಂಗಡಿಯವನು ಒಣಗಿದೆ ಅಂತ ಕೊಟ್ಟ ಹಲಗೆ ವಾರದಲ್ಲೇ ಡೊಂಕಾಯ್ತು. ಇನ್ನೊಂದು ತಂದೆ.

ಫೆಬ್ರವರಿ 9

ಅಭ್ಯಾಸಕ್ಕೆ ಬಾಸ್‌ವುಡ್ ತುಂಡು. ಮೆತ್ತಗಿನ ಮರ, ಬೆಣ್ಣೆ ಕೊಯ್ದ ಹಾಗೆ. ಬಳಸಿದ ಉಳಿಗಳು ಮೂರೇ: ಅಗಲದ 3ನೇ ನಂಬರು, ಆಳದ 11ನೇ ನಂಬರು, ಗೆರೆ ಎಳೆಯಲು ವಿ ಆಕಾರದ್ದು. ನಂಬರು ಹೆಚ್ಚಿದಷ್ಟೂ ಉಳಿಯ ಬಾಯಿ ಜಾಸ್ತಿ ಬಾಗಿರುತ್ತದೆ. ಅರ್ಧ ಗಂಟೆಗೊಮ್ಮೆ ಚರ್ಮದ ಪಟ್ಟಿಯ ಮೇಲೆ ಹಸಿರು ಪೇಸ್ಟ್ ಸವರಿ ಉಜ್ಜಬೇಕು. ಸೋಮಾರಿತನ ಮಾಡಿದರೆ ಉಳಿ ಕೊಯ್ಯುವುದಿಲ್ಲ, ಹರಿಯುತ್ತದೆ.

ಚಕ್ರ, ಎಲೆ ಸರಾಗ ಬಂದವು. ಹೆಣಿಗೆ ಬರಲಿಲ್ಲ. ನಮ್ಮನೆಯವಳು ಅಂಚಿನ ನಕ್ಷೆಯನ್ನು ಚುಕ್ಕಿ ಇಟ್ಟು ಎಳೆ ರಂಗೋಲಿ ಥರ ಐದೇ ನಿಮಿಷದಲ್ಲಿ ಬಿಡಿಸಿಕೊಟ್ಟಳು. ರಂಗೋಲಿಯಲ್ಲಿ ಎಳೆ ಎಳೆಯನ್ನು ದಾಟಿದರೆ ಮುಗೀತು. ಇಲ್ಲಿ ಒಂದು ಕಡೆ ಮೇಲೆ, ಮುಂದಿನ ಕಡೆ ಕೆಳಗೆ ಹೋಗಬೇಕು. ಒಂದು ತಪ್ಪಿದರೆ ಸುತ್ತಿಕೊಂಡು ಬಂದಾಗ ಲೆಕ್ಕ ಕೂಡುವುದಿಲ್ಲ. ಮೂರು ತುಂಡು ಒಲೆಗೆ ಹೋದವು.

ಫೆಬ್ರವರಿ 23

ಗುಟ್ಟು ರಟ್ಟಾಯ್ತು. ಅಜ್ಜಿ ಬೆಳ್ಳುಳ್ಳಿ ಕೇಳಲು ಬಂದವರು ಗ್ಯಾರೇಜಿನ ಬಾಗಿಲು ತೆರೆದಿದ್ದನ್ನು ನೋಡಿ ಸೀದಾ ಒಳಗೆ ಬಂದರು. ನಕ್ಷೆ ನೋಡಿದರು. ಯಾರಿಗೆ ಅಂದರು. ನನಗೆ ಸುಳ್ಳು ಹೇಳಲು ಬರಲ್ಲ.

"ಇದು ಸತ್ತವರಿಗೆ ನೆಡೋದು ತಾನೇ? ನನಗೇನು ಅರ್ಜೆಂಟಿಲ್ಲ" ಅಂದರು.

ಸೇತುವೆ ಕಟ್ಟಿದ್ದಕ್ಕೆ, ಗೆದ್ದಿದ್ದಕ್ಕೆ, ಬದುಕಿರುವವರ ಆತ್ಮಕ್ಕೆ ಕೂಡ ನೆಡುತ್ತಿದ್ದರಲ್ಲ ಅಂತ ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ನಾನು ಏನು ಮಾಡಿದ್ದೀನಿ, ಪಾತ್ರೆ ತೊಳೆದಿದ್ದೀನಿ."

ಅವರು ತೊಳೆದದ್ದು ಬರೀ ಪಾತ್ರೆ ಅಲ್ಲ. ಅಜ್ಜಿ ಹುಟ್ಟಿದ್ದು ಬೈರುತ್‌ನ ಬೂರ್ಜ್ ಹಮ್ಮೂದ್‌ನಲ್ಲಿ. ಆಟೊಮನ್ ತುರ್ಕರು 1915ರಲ್ಲಿ ನಡೆಸಿದ ಅರ್ಮೇನಿಯನ್ನರ ನರಮೇಧದಿಂದ ಉಳಿದು ಬಂದವರು ಕಟ್ಟಿಕೊಂಡ ಪೇಟೆ ಅದು. ಅಲ್ಲಿನ ಕೇರಿಗಳಿಗೆ ಕಳಕೊಂಡ ಊರುಗಳ ಹೆಸರೇ ಇಟ್ಟಿದ್ದಾರೆ: ನೋರ್ ಮರಾಶ್, ನೋರ್ ಅದಾನಾ. ನೋರ್ ಅಂದರೆ ಹೊಸ. ಅಜ್ಜಿ 1973ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದರು. ಇಲ್ಲಿ ಮೊದಲೇ ಹುಡ್ ರಬ್ಬರ್ ಕಾರ್ಖಾನೆಯಲ್ಲಿ ದುಡಿಯಲು ಬಂದು ನೆಲೆಸಿದ ಅರ್ಮೇನಿಯನ್ನರ ಮನೆಗಳಿದ್ದವು. ಎರಡು ವರ್ಷದಲ್ಲಿ ಲೆಬನಾನ್ ಯುದ್ಧ ಶುರು. ಬಂದವರಿಗೆಲ್ಲ ಅಜ್ಜಿಯ ಮನೆಯ ನೆಲದ ಮೇಲೆ ಹಾಸಿಗೆ. 1988ರ ಡಿಸೆಂಬರ್ 7ರಂದು ಅರ್ಮೇನಿಯಾದಲ್ಲಿ ಭೂಕಂಪ ಆದಾಗ ಚರ್ಚ್ ಹಾಲ್‌ನಲ್ಲಿ ಕೋಟು ಕಂಬಳಿ ಕಟ್ಟಿದ್ದು, ಆಮೇಲೆ ಸಿರಿಯಾದ ಅಲೆಪ್ಪೋದಿಂದ ಓಡಿಬಂದ ಮಕ್ಕಳನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗಿ ಭಾಷೆ ತಿರುಗಿಸಿ ಹೇಳಿದ್ದು, ಇದೆಲ್ಲ ನನಗೆ ಬೇರೆಯವರಿಂದ ಗೊತ್ತು. ಅವರ ಬಾಯಲ್ಲಿ ಬರುವುದು ಪಾತ್ರೆ ಮಾತ್ರ.

ಮಾರ್ಚ್ 16

ಈಗ ಅವರ ಲೆಂಟ್, ಈಸ್ಟರ್‌ಗೆ ಮುಂಚಿನ ಉಪವಾಸ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಹಬ್ಬ. ಅಜ್ಜಿ ತೋಪಿಗ್ ಕಳಿಸಿದ್ದರು: ಕಾಬೂಲಿ ಕಡಲೆ ರುಬ್ಬಿದ ಹೊದಿಕೆ, ಒಳಗೆ ಈರುಳ್ಳಿ, ಎಳ್ಳಿನ ತಹೀನಿ, ಸಣ್ಣ ಒಣದ್ರಾಕ್ಷಿ. ನಾಲ್ಕು ತಿಂದೆ.

ಕೆಲಸ: ಹಿನ್ನೆಲೆಯನ್ನು ಮುಕ್ಕಾಲು ಭಾಗ ತಗ್ಗಿಸಿದ್ದೇನೆ, ಆಳ ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ. ಶಿಲುಬೆಯ ತೋಳುಗಳು ಹೊರಬಂದಿವೆ. ಅಂಚು ಹಾಗೇ ಬಿಟ್ಟಿದ್ದೇನೆ, ಧೈರ್ಯ ಇಲ್ಲ.

ಏಪ್ರಿಲ್ 12

ಈಸ್ಟರ್‌ಗೆ ಇನ್ನೊಂದು ವಾರ. ಚರ್ಚ್ ಅಡುಗೆಮನೆಯಲ್ಲಿ ಚೋರೆಗ್ ಮಾಡುವ ದಿನ. ಅದು ಬೆಣ್ಣೆ ಹಾಕಿದ ಸಿಹಿ ಬ್ರೆಡ್ಡು. ಮಹಲೇಬ್ ಅಂತ ಕಾಡು ಚೆರ್ರಿ ಬೀಜದೊಳಗಿನ ತಿರುಳಿನ ಪುಡಿ ಹಾಕುತ್ತಾರೆ, ಬೀದಿಯ ತುದಿಗೇ ವಾಸನೆ. ನನ್ನನ್ನು ಮೈದಾ ಮೂಟೆ ಹೊರಲು ಕರೆದಿದ್ದರು.

ಹನ್ನೊಂದು ಜನ ಹೆಂಗಸರು, ಉದ್ದ ಮೇಜು. ಅಜ್ಜಿ ಮೇಜಿನ ತುದಿಯಲ್ಲಿ. ಮೂರು ಎಳೆ ಹಿಟ್ಟು ತಗೊಂಡು ಜಡೆ ಹೆಣೆಯುತ್ತಾರೆ. ಕೈ ನೋಡುವುದೇ ಇಲ್ಲ, ಪಕ್ಕದವರ ಜೊತೆ ಯಾರದೋ ಮೊಣಕಾಲು ಆಪರೇಷನ್ ಬಗ್ಗೆ ಮಾತು. ಹೊಸದಾಗಿ ಸೇರಿದ ಒಂದು ಹುಡುಗಿ ತಡವರಿಸಿದಾಗ ಮಾತ್ರ ತಿರುಗಿದರು. ಅವಳ ಬೆರಳ ಮೇಲೆ ತಮ್ಮ ಬೆರಳಿಟ್ಟು "ವ್ರಾ, ದಾಗ್, ವ್ರಾ, ದಾಗ್" ಅಂದರು. ಮೇಲೆ, ಕೆಳಗೆ, ಮೇಲೆ, ಕೆಳಗೆ.

ನಾನು ಮೂಟೆ ಅಲ್ಲೇ ಇಳಿಸಿ ನೋಡುತ್ತಾ ನಿಂತೆ. ನಾನು ಇಷ್ಟು ದಿನ ಇಡೀ ನಕ್ಷೆಯನ್ನು ಒಮ್ಮೆಗೇ ತಲೆಯಲ್ಲಿ ಹಿಡಿಯಲು ನೋಡುತ್ತಿದ್ದೆ. ಅಜ್ಜಿ ಒಂದು ಎಳೆಯನ್ನಷ್ಟೇ ಹಿಡಿಯುತ್ತಾರೆ. ಅದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗುತ್ತಾರೆ.

ರಾತ್ರಿ ಹನ್ನೆರಡರವರೆಗೆ ಗ್ಯಾರೇಜಿನಲ್ಲಿ ಕೂತೆ. ಬಾಯಲ್ಲಿ ವ್ರಾ, ದಾಗ್. ಎಡ ಅಂಚು ಪೂರ್ತಿ ಆಯ್ತು. ಲೆಕ್ಕ ಕೂಡಿತು!

ಏಪ್ರಿಲ್ 27

ಮೊನ್ನೆ 24 ಅವರ ನರಮೇಧದ ಸ್ಮರಣೆಯ ದಿನ. ಉಳಿ ಮುಟ್ಟಲಿಲ್ಲ.

ಇವತ್ತು ಅಕ್ಷರ ಕೆತ್ತಿದೆ, ಅನಾಹುತ ಮಾಡಿಕೊಂಡೆ. ಬರಹ ಚಿಕ್ಕದು: ಶ್ನೊರ್ಹಗಾಲ್ ಎಂಕ್. ನಾವು ಕೃತಜ್ಞರು ಅಂತ. ಅರ್ಮೇನಿಯನ್ ಲಿಪಿ ಮೆಸ್ರೋಪ್ ಮಾಶ್ತೋತ್ಸ್ 405ರ ಸುಮಾರಿಗೆ ಮಾಡಿದ್ದು, ಮೊದಲು 36 ಅಕ್ಷರ, ಆಮೇಲೆ ಎರಡು ಸೇರಿದವು. ಅದರಲ್ಲಿ 'ಸ' ಅನ್ನೋದು ಕುದುರೆ ಲಾಳ ಅಂಗಾತ ಮಲಗಿದ ಹಾಗೆ, 'ಒ' ಅನ್ನೋದು ಅದೇ ಲಾಳ ಬೋರಲು ಬಿದ್ದ ಹಾಗೆ. ಮರದ ಎಳೆಗೆ ಅನುಕೂಲ ಅಂತ ಹಲಗೆ ತಿರುಗಿಸಿಕೊಂಡಿದ್ದೆ. ಪೆನ್ಸಿಲ್ ಗುರುತು ಅಳಿಸಿತ್ತು. ನೆನಪಿನಿಂದ ಕೆತ್ತಿದೆ. ಮೂರನೇ ಅಕ್ಷರ 'ಒ' ಉಲ್ಟಾ ಬಿದ್ದು 'ಸ' ಆಯ್ತು.

ಅದೊಂದು ಅಕ್ಷರದ ಜಾಗವನ್ನು ಚೌಕಾಕಾರ ತೋಡಿ, ಅದೇ ಹಲಗೆಯಿಂದ ಕತ್ತರಿಸಿ ಉಳಿದ ತುಂಡನ್ನು ಎಳೆಗೆ ಎಳೆ ಕೂಡಿಸಿ ಅಂಟಿಸಿದೆ. ಸೀರೆಗೆ ತೇಪೆ ಹಾಕಿದ ಹಾಗೆ. ನಾಳೆ ಮತ್ತೆ ಕೆತ್ತಬೇಕು, ಈ ಸಲ ಹಲಗೆ ನೆಟ್ಟಗಿಟ್ಟುಕೊಂಡು.

52 ಅನ್ನು ಅಂಕಿಯಲ್ಲಿ ಹಾಕಲಿಲ್ಲ. ಹಳೇ ಕಲ್ಲುಗಳಲ್ಲಿ ಅಕ್ಷರಗಳೇ ಅಂಕಿ, ನಮ್ಮ ಕಟಪಯಾದಿ ನೆನಪಾಗುತ್ತದೆ. 50ಕ್ಕೆ ಒಂದಕ್ಷರ, 2ಕ್ಕೆ ಒಂದಕ್ಷರ, ಅಷ್ಟೇ. ವರ್ಷವೂ ಅವರದೇ ಬೇರೆ. ಶಕ ವರ್ಷಕ್ಕೆ 78 ಕೂಡಿಸುವ ಹಾಗೆ ಹಳೇ ಅರ್ಮೇನಿಯನ್ ವರ್ಷಕ್ಕೆ 551 ಕೂಡಿಸಬೇಕು. ಅದನ್ನೂ ಹಾಕೋಣ ಅಂದುಕೊಂಡೆ. ಇನ್ನೊಂದು ಅಕ್ಷರ ತಪ್ಪುವ ಭಯಕ್ಕೆ ಬಿಟ್ಟೆ.

ಮೇ 10

ಟಂಗ್ ಎಣ್ಣೆ ಎರಡು ಕೋಟು. ವಾಲ್‌ನಟ್ ಮರ ಎಣ್ಣೆ ಕುಡಿದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ತೇಪೆ ಹುಡುಕಿದರೆ ಕಾಣುತ್ತದೆ. ಎಣ್ಣೆ ಬಟ್ಟೆಗಳನ್ನು ಹರಡಿ ಒಣಗಿಸಿದೆ, ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತಬಹುದು.

ಮೇ 18

ಬದರಾಕ್ ಮುಗಿಯಿತು. ಅದು ಅವರ ಭಾನುವಾರದ ಪೂಜೆ, ನಡೆಯುವುದು ಗ್ರಬಾರ್ ಅನ್ನುವ ಹಳೇ ಅರ್ಮೇನಿಯನ್‌ನಲ್ಲಿ. ಹಳಗನ್ನಡ ಕೇಳಿದಂತೆ, ಅಲ್ಲಿದ್ದ ಅರ್ಧ ಜನಕ್ಕೆ ಅರ್ಧ ಅರ್ಥ. ಕೆತ್ತನೆಗೆ ಆಶೀರ್ವಾದ ಮಾಡುತ್ತಾರೆ ಅಂತ ಗೊತ್ತಿತ್ತು, ಹೇಗೆ ಅಂತ ಕೇಳಿರಲಿಲ್ಲ. ಪಾದ್ರಿಗಳು ಮೊದಲು ನೀರಿನಲ್ಲಿ ತೊಳೆದರು. ಆಮೇಲೆ ವೈನ್‌ನಲ್ಲಿ. ನನ್ನ ಎರಡು ಕೋಟು ಎಣ್ಣೆಯ ಮೇಲೆ ಕೆಂಪು ವೈನ್! ನಮ್ಮನೆಯವಳು ನನ್ನ ಕೈ ಹಿಡಿದುಕೊಂಡಳು.

ಕೊನೆಗೆ ಮ್ಯುರೋನ್ ಹಚ್ಚಿದರು. ಆಲಿವ್ ಎಣ್ಣೆಗೆ ನಲವತ್ತಕ್ಕೂ ಹೆಚ್ಚು ಬಗೆಯ ಹೂವು ಬೇರು ಹಾಕಿ, ಅರ್ಮೇನಿಯಾದಲ್ಲಿರುವ ಅವರ ಚರ್ಚ್‌ನ ಮುಖ್ಯಪೀಠ ಎಚ್ಮಿಯಾದ್ಜಿನ್‌ನಲ್ಲಿ ಸಾಮಾನ್ಯವಾಗಿ ಏಳು ವರ್ಷಕ್ಕೊಮ್ಮೆ ಮಾಡುವ ಎಣ್ಣೆ. ಪ್ರತಿ ಸಲ ಹಳೆಯದರಲ್ಲಿ ಸ್ವಲ್ಪ ಹೊಸದಕ್ಕೆ ಸೇರಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ.

ಆಮೇಲೆ ಅವರ ಚರ್ಚ್‌ನ ಮುಖ್ಯಗುರು ಕ್ಯಾಥೊಲಿಕೋಸ್ ಕಳಿಸಿದ ಪತ್ರ ಓದಿ ಅಜ್ಜಿಯ ಕೊರಳಿಗೆ ನೆರ್ಸೆಸ್ ಶ್ನೋರ್ಹಾಲಿ ಪದಕ ಹಾಕಿದರು. ಈ ನೆರ್ಸೆಸ್ 12ನೇ ಶತಮಾನದ ಗುರು, ಹಾಡು ಬರೆದವರು. ಅವರ ಹೆಸರಲ್ಲೂ ನನ್ನ ಬರಹದಲ್ಲೂ ಇರುವುದು ಒಂದೇ ಮೂಲ: ಶ್ನೋರ್ಹ್, ಅಂದರೆ ಕೃಪೆ. ಇದನ್ನು ಪಾದ್ರಿಗಳು ಹೇಳಿದಾಗ ನಾನು ಬೇಕಂತಲೇ ಹಾಗೆ ಮಾಡಿದವನ ಥರ ತಲೆಯಾಡಿಸಿದೆ.

ಅಜ್ಜಿ ಭಾಷಣ ಮಾಡಲಿಲ್ಲ. ಕೆತ್ತನೆಯ ಹತ್ತಿರ ಬಂದು ಅಂಚಿನ ಮೇಲೆ ಬೆರಳಾಡಿಸಿದರು. ಎಡ, ಮೇಲೆ, ಬಲ, ಆಮೇಲೆ ಅಕ್ಷರ. ಮೂರನೆಯದರ ಮೇಲೆ ಬೆರಳು ನಿಂತಿತು. ನನ್ನ ಮುಖ ನೋಡಿದರು, ಏನೂ ಹೇಳದೆ ಮುಂದೆ ಹೋದರು. ಹತ್ತು ನಿಮಿಷಕ್ಕೆ ಪದಕ ತೆಗೆದು ಕೈಚೀಲಕ್ಕೆ ಹಾಕಿಕೊಂಡು ಅಡುಗೆಮನೆಗೆ ಹೋಗಿದ್ದರು.

ಮೇ 25

ಹಾಲ್‌ನ ದೊಡ್ಡ ಗೋಡೆಗೆ ಹಾಕಿದ್ದ ಕೆತ್ತನೆ ಇವತ್ತು ಅಲ್ಲಿಲ್ಲ. ಅಡುಗೆಮನೆಯಲ್ಲಿ, ಸಿಂಕಿನ ಮೇಲೆ. ಅಜ್ಜಿಯೇ ಹಠ ಹಿಡಿದು ಹಾಕಿಸಿದರಂತೆ, ಪಾತ್ರೆ ತೊಳೆಯುವಾಗ ಕಾಣಬೇಕಂತೆ.

ವೈನ್ ಕಲೆ ನಿಂತಿಲ್ಲ. ಆದರೆ ಅಲ್ಲಿ ಹಬೆ ಜಾಸ್ತಿ, ಎರಡು ಕೋಟು ಸಾಲುವುದಿಲ್ಲ. ಮುಂದಿನ ಶನಿವಾರ ಇಳಿಸಿ ಇನ್ನೆರಡು ಹಾಕಬೇಕು. ಹಿಂಭಾಗಕ್ಕೂ.