ಸ್ಟೀಮ್‌ಪಂಕ್ ವೇಷಕ್ಕೆ ಎಷ್ಟು ಖರ್ಚಾಯ್ತು?

ಪ್ರತಿ ವರ್ಷ ಆಗಸ್ಟ್ ಮುಗಿದ ಮೇಲೆ ಒಂದೇ ಪ್ರಶ್ನೆ ಹತ್ತಾರು ಜನರಿಂದ ಬರುತ್ತದೆ. ಇಂಗ್ಲೆಂಡಿನ ಲಿಂಕನ್ ಊರಿನ ಸ್ಟೀಮ್‌ಪಂಕ್ ಹಬ್ಬದಲ್ಲಿ ನಾನು ತೆಗೆಸಿಕೊಂಡ ಫೋಟೋ ನೋಡಿದವರೆಲ್ಲ ಕೇಳುವುದು ಇಷ್ಟೇ: "ಇದಕ್ಕೆಲ್ಲ ಎಷ್ಟು ಖರ್ಚಾಯ್ತು? ಎಲ್ಲಿ ಸಿಕ್ಕಿತು?" ಇಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿರುವ ಕನ್ನಡದ ಗೆಳತಿಯರು ಕೇಳುತ್ತಾರೆ. ಆಫೀಸಿನವರು ಕೇಳುತ್ತಾರೆ. ಹೋದ ವರ್ಷ ಬೆಂಗಳೂರಿನಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿ, "ಅಕ್ಕಾ, ಕಾಮಿಕ್ ಕಾನ್ ಮೇಳಕ್ಕೆ ನಾನೂ ಹಾಗೇ ಹೋಗ್ಬೇಕು, ಆದ್ರೆ ಕೈಯಲ್ಲಿ ದುಡ್ಡಿಲ್ಲ" ಅಂದಳು.

ನನಗೆ ಖರ್ಚಾಗಿದ್ದು 18 ಪೌಂಡ್. ಮಿಕ್ಕಿದ್ದೆಲ್ಲ ಮನೆಯ ಕಪಾಟಿನಲ್ಲೇ ಇತ್ತು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಸ್ಟೀಮ್‌ಪಂಕ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ 1987ರಲ್ಲಿ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ ಈ ಹೆಸರು ಕೊಟ್ಟರು. ತಾವೂ ತಮ್ಮ ಗೆಳೆಯರೂ ಬರೆಯುತ್ತಿದ್ದ ಕಥೆಗಳಿಗೆ ಒಂದು ಹೆಸರು ಬೇಕಿತ್ತು. ಪೆಟ್ರೋಲೂ ಕಂಪ್ಯೂಟರ್ ಚಿಪ್ಪೂ ಬರದೆ ಹಬೆಯ ಯಂತ್ರಗಳೇ ಬೆಳೆಯುತ್ತಾ ಹೋಗಿದ್ದರೆ ಲೋಕ ಹೇಗಿರುತ್ತಿತ್ತು? ಆ ಕಲ್ಪನೆಯೇ ಸ್ಟೀಮ್‌ಪಂಕ್. ಹಾಗಾಗಿ ಬಟ್ಟೆಯೂ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837ರಿಂದ 1901ರವರೆಗಿನದು. ಜೊತೆಗೆ ಹಿತ್ತಾಳೆ, ತಾಮ್ರ, ಚರ್ಮ, ಗಾಗಲ್ಸ್. ಲಿಂಕನ್‌ನ ಹಬ್ಬ 2009ರಲ್ಲಿ ಶುರುವಾಯಿತು. ಹಳೇ ಕೋಟೆ, ಕೆಥೀಡ್ರಲ್ ಸುತ್ತಮುತ್ತಲಿನ ಬೀದಿಗಳೆಲ್ಲ ಹ್ಯಾಟು, ಕೋಟು, ಉದ್ದನೆ ಲಂಗದವರಿಂದ ತುಂಬಿಹೋಗುತ್ತವೆ. ಬಿಸ್ಕೆಟನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲು ಬಾಯಿಗೆ ಹಾಕಿಕೊಳ್ಳುವ ಪಂದ್ಯವೂ ಇರುತ್ತದೆ. ಯಾರ ಬಿಸ್ಕೆಟ್ ಕೊನೆವರೆಗೆ ಉಳಿಯುತ್ತದೋ ಅವರು ಗೆದ್ದಂತೆ.

ಮೊದಲ ವರ್ಷ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ಲಾಸ್ಟಿಕ್ ಗಿಯರ್‌ಗಳ ಒಂದು ಪೊಟ್ಟಣ ತರಿಸಿದೆ. ಒಂದು ಹ್ಯಾಟಿಗೆ ಗ್ಲೂ ಗನ್ನಿನಿಂದ ಸಾಲಾಗಿ ಅಂಟಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಹಬ್ಬದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಹತ್ತಿರ ಬಂದು, ಒಂದು ಗಿಯರನ್ನು ಬೆರಳಿನಿಂದ ತಿರುಗಿಸಲು ನೋಡಿದಳು. ಅದು ತಿರುಗಲಿಲ್ಲ. "ಇದು ಏನು ಮಾಡುತ್ತೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮುಂದೆ ನಾನು ವೇಷ ಕಟ್ಟುವ ಕ್ರಮವೇ ಬದಲಾಯಿತು.

ಅದಕ್ಕೇ ಹೇಳುತ್ತೇನೆ, ಕಪಾಟು ತೆಗೆಯುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನಾನು ಯಾರು, ನನ್ನ ಕೆಲಸ ಏನು? ಅಂಚೆಯವಳೋ, ಗಡಿಯಾರ ರಿಪೇರಿ ಮಾಡುವವನೋ, ಗಿಡಮೂಲಿಕೆ ಹುಡುಕುವವಳೋ. ಕೆಲಸ ಗೊತ್ತಾದರೆ ಯಾವ ಬಟ್ಟೆ ಬೇಕು, ಎಲ್ಲಿ ಹರಿದಿರಬೇಕು, ಜೇಬಿನಲ್ಲಿ ಏನಿರಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಏನು ಬೇಡ ಅನ್ನುವುದೂ ತಿಳಿಯುತ್ತದೆ. ದುಡ್ಡು ಉಳಿಯುವುದು ಅಲ್ಲೇ.

ನಾನು ವಾಯುನೌಕೆಯ ಎಂಜಿನ್ ಮೆಕ್ಯಾನಿಕ್. ಇದು ಬರೀ ಕಲ್ಪನೆಯಲ್ಲ. ಫ್ರಾನ್ಸಿನ ಆನ್ರಿ ಜಿಫಾರ್ 1852ರ ಸೆಪ್ಟೆಂಬರ್ 24ರಂದು ಹಬೆ ಎಂಜಿನ್ನಿನ ವಾಯುನೌಕೆಯಲ್ಲಿ ಪ್ಯಾರಿಸ್‌ನಿಂದ ಸುಮಾರು 27 ಕಿಲೋಮೀಟರ್ ಹಾರಿದರು. ಎಂಜಿನ್ನಿನ ಶಕ್ತಿ ಬರೀ 3 ಅಶ್ವಶಕ್ತಿ. ಎದುರುಗಾಳಿಗೆ ವಾಪಸ್ ಬರಲು ಅದಕ್ಕೆ ಆಗಲಿಲ್ಲ. ಮೇಲೆ ಹೈಡ್ರೋಜನ್ ತುಂಬಿದ ಚೀಲ, ಕೆಳಗೆ ಉರಿಯುವ ಒಲೆ. ಒಂದು ಕಿಡಿ ಮೇಲೆ ಹೋದರೆ ಕಥೆ ಮುಗಿಯಿತು. ಹಾಗಾಗಿ ಅವರು ಎಂಜಿನ್ನನ್ನು ಚೀಲದಿಂದ ಬಹಳ ಕೆಳಗೆ ತೂಗುಬಿಟ್ಟರು. ಹೊಗೆ ಕೊಳವೆಯನ್ನೂ ಕೆಳಮುಖ ಮಾಡಿದರು. ಇದನ್ನು ಓದಿದ ದಿನ ನನ್ನ ವೇಷ ಅರ್ಧ ಸಿದ್ಧವಾಯಿತು. ಹೊಗೆ ಕೆಳಗೆ ಹೋಗುವುದಾದರೆ ಮಸಿ ನನ್ನ ಮುಖದ ಮೇಲಿರುವುದಿಲ್ಲ, ಬೂಟಿನ ಮೇಲೆ, ಲಂಗದ ಅಂಚಿನ ಮೇಲೆ ಇರುತ್ತದೆ!

ಈಗ ಬಟ್ಟೆ. ಮೇಲೆ ಹಾಕಿದ್ದು ನನ್ನ ಗಂಡನ ಹಳೇ ಬಿಳಿ ಕಾಟನ್ ಶರ್ಟು. ಕಾಲರನ್ನು ಕತ್ತರಿಸಿ ಪಟ್ಟಿ ಮಾತ್ರ ಉಳಿಸಿಕೊಂಡೆ. ಆ ಕಾಲದಲ್ಲಿ ಗಂಡಸರ ಶರ್ಟಿಗೆ ಕಾಲರ್ ಬೇರೆಯಾಗಿರುತ್ತಿತ್ತು. ಕೊಳೆಯಾದರೆ ಅದನ್ನಷ್ಟೇ ತೆಗೆದು ಒಗೆಯುತ್ತಿದ್ದರು. ಕಾಲರ್ ಇಲ್ಲದ ಶರ್ಟು ಅಂದರೆ ಕೆಲಸದ ನಡುವೆ ಇರುವವರು ಅಂತ ಅರ್ಥ. ಅದರ ಮೇಲೆ, ದಾನವಾಗಿ ಬಂದ ಹಳೇ ಸಾಮಾನು ಮಾರುವ ಚಾರಿಟಿ ಶಾಪಿನ ವೇಸ್ಟ್‌ಕೋಟ್, 5 ಪೌಂಡ್. ಗಂಡಸರದ್ದು, ನನಗೆ ದೊಡ್ಡದಿತ್ತು. ಬೆನ್ನಿನಲ್ಲಿ ಎರಡು ಮಡಿಕೆ ಹಿಡಿದು ಹೊಲಿದೆ. ಪ್ಲಾಸ್ಟಿಕ್ ಗುಂಡಿ ಕಿತ್ತು, ಹಳೇ ಕೋಟಿನ ಲೋಹದ ಗುಂಡಿ ಹಾಕಿದೆ. ಗುಂಡಿ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಬಟ್ಟೆಯ ಮುಖವೇ ಬೇರೆಯಾಗುತ್ತದೆ. ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ.

ಲಂಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಂಗಡಿಯಲ್ಲಿ ಮಾರುವ ಸ್ಟೀಮ್‌ಪಂಕ್ ಲಂಗ ಒಂದು ಬದಿ ಎತ್ತಿ ಕಟ್ಟಿದ ಹಾಗೆ ಇರುತ್ತದೆ. ಜನ ಅದು ಬರೀ ಶೋಕಿ ಅಂದುಕೊಳ್ಳುತ್ತಾರೆ. ಅದರ ಹಿಂದೆ ನಿಜವಾದ ಹೆಂಗಸರಿದ್ದಾರೆ. 1842ರಲ್ಲಿ ಬ್ರಿಟನ್ನಿನ ಕಾನೂನು ಹೆಂಗಸರು ಗಣಿಯೊಳಗೆ ಇಳಿಯುವುದನ್ನು ನಿಲ್ಲಿಸಿತು. ಹೊಟ್ಟೆಪಾಡು ನಿಲ್ಲುವುದಿಲ್ಲವಲ್ಲ. ಅವರು ಗಣಿಯ ಬಾಯಿಯ ಹತ್ತಿರ, ಮೇಲೆ ಬಂದ ಕಲ್ಲಿದ್ದಲನ್ನು ಆರಿಸುವ, ಎಳೆಯುವ ಕೆಲಸ ಮಾಡಿದರು. ವಿಗನ್ ಊರಿನ ಹೆಂಗಸರು ಪ್ಯಾಂಟ್ ಹಾಕಿ, ಅದರ ಮೇಲೆ ಲಂಗವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಆರ್ಥರ್ ಮನ್‌ಬಿ ಅನ್ನುವವರು ಅವರ ಫೋಟೋಗಳನ್ನು ಸಂಗ್ರಹಿಸಿಟ್ಟರು. ಅವು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿವೆ. ಕೈಯಲ್ಲಿ ಸಲಿಕೆ, ತಲೆಗೆ ಬಟ್ಟೆ, ನೇರ ನೋಟ. ಆ ಫೋಟೋಗಳನ್ನು ನೋಡಿದಾಗ ನನಗೆ ನೆನಪಾದದ್ದು ಗದ್ದೆಯಲ್ಲಿ ಸೀರೆ ಎತ್ತಿ ಕಟ್ಟಿ ನಾಟಿ ಮಾಡುತ್ತಿದ್ದ ನಮ್ಮ ಅಜ್ಜಿ. ಕೆಸರಿಗೂ ಕಲ್ಲಿದ್ದಲಿಗೂ ಉಪಾಯ ಒಂದೇ.

ಮಾಡುವುದು ಸುಲಭ. ಯಾವುದೇ ಉದ್ದನೆ, ಘೇರು ಇರುವ ಲಂಗ ತೆಗೆದುಕೊಳ್ಳಿ. ಸೊಂಟದ ಒಳಗಡೆ ಎರಡು ಗುಂಡಿ, ಮೊಣಕಾಲಿನ ಎತ್ತರದಲ್ಲಿ ಒಳಗಡೆಯೇ ಎರಡು ಲಾಡಿಯ ಕುಣಿಕೆ. ಕುಣಿಕೆಯನ್ನು ಗುಂಡಿಗೆ ಹಾಕಿದರೆ ಲಂಗ ಮೇಲೇಳುತ್ತದೆ, ಬಿಚ್ಚಿದರೆ ಮಾಮೂಲಿ ಲಂಗ. ಲಂಗವನ್ನು ಕತ್ತರಿಸುವುದೇ ಬೇಡ. ಸೋಮವಾರ ಅದನ್ನೇ ಆಫೀಸಿಗೆ ಹಾಕಿಕೊಂಡು ಹೋಗಬಹುದು, ನಾನು ಹೋಗಿದ್ದೇನೆ. ಅದರ ಕೆಳಗೆ ಕಂದು ಬಣ್ಣದ ಪ್ಯಾಂಟು, ಮಳೆಗಾಲದ ಲೇಸ್ ಬೂಟು.

ಶರ್ಟು ತೀರಾ ಬೆಳ್ಳಗಿತ್ತು. ಅದನ್ನು ಹಳೆಯದಾಗಿಸಲು ಚಹಾ ಸಾಕು. ಎರಡು ಲೀಟರ್ ನೀರಿಗೆ ಹನ್ನೆರಡು ಟೀ ಬ್ಯಾಗ್ ಹಾಕಿ ಕುದಿಸಿ, ಒದ್ದೆ ಮಾಡಿದ ಬಟ್ಟೆಯನ್ನು ಒಂದು ಗಂಟೆ ಮುಳುಗಿಸಿಡಿ. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಅದಕ್ಕೇ ಸ್ವಲ್ಪ ಗಾಢವಾಗಿಯೇ ಇರಲಿ. ಬೂದು ಬಣ್ಣ ಬೇಕಿದ್ದರೆ ನಾಲ್ಕು ತುಕ್ಕು ಹಿಡಿದ ಮೊಳೆ ಅದೇ ನೀರಿಗೆ ಹಾಕಿ. ಚಹಾದ ಒಗರೂ ಕಬ್ಬಿಣವೂ ಸೇರಿ ಕಪ್ಪಾಗುತ್ತದೆ. ಹಳೇ ಕಾಲದ ಬರೆಯುವ ಮಸಿಯೂ ಇದೇ ರೀತಿ ಆಗುತ್ತಿತ್ತು. ಆದರೆ ಬಟ್ಟೆ ಕಾಟನ್ ಇರಬೇಕು. ಒಂದು ಸಲ ಪರದೆ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿಟ್ಟೆ. ಬೆಳಗ್ಗೆ ತೊಳೆದರೆ ಮೊದಲಿದ್ದಷ್ಟೇ ಬೆಳ್ಳಗೆ. ಪಾಲಿಯೆಸ್ಟರ್ ಚಹಾ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ಒಳಗಿನ ಚೀಟಿ ಓದಿ.

ಗಾಗಲ್ಸ್ ಬಗ್ಗೆ ಎಲ್ಲರಿಗೂ ಆಸೆ. ನನ್ನದು ನೀರಿನ ಪೈಪಿನಿಂದ ಮಾಡಿದ್ದು. 50 ಮಿಲಿಮೀಟರ್ ಪಿವಿಸಿ ಪೈಪಿನಿಂದ ಎರಡೆರಡು ಬೆರಳು ಅಗಲದ ಎರಡು ಉಂಗುರ ಕೊಯ್ದುಕೊಳ್ಳಿ. ಕೆನ್ನೆಗೆ ತಾಗುವ ಕಡೆ ಅರದಿಂದ ಉಜ್ಜಿ, ಮುಖದ ಬಾಗಿಗೆ ಹೊಂದಿಸಿ. ಆ ಅಂಚಿಗೆ ಮೆತ್ತನೆ ಬಟ್ಟೆ ಅಂಟಿಸಿ. ಮುಂದೆ ತೆಳು ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಬಿಲ್ಲೆ. ಮೂಗಿನ ಮೇಲೆ ಚರ್ಮದ ತುಂಡು, ಹಿಂದಕ್ಕೆ ಹಳೇ ಕೈಚೀಲದ ಪಟ್ಟಿ, ಬಕಲ್ ಸಮೇತ. ಇದು ತೋರಿಕೆಗೆ ಮಾತ್ರ. ಕಿಡಿ ಹಾರುವ ಕೆಲಸಕ್ಕೆ ಇದನ್ನು ಖಂಡಿತ ಹಾಕಬೇಡಿ. ಪೈಪಿಗೆ ಬಣ್ಣ ಹಚ್ಚುವ ಮೊದಲು ಉಪ್ಪು ಕಾಗದದಿಂದ (ಸ್ಯಾಂಡ್‌ಪೇಪರ್) ಚೆನ್ನಾಗಿ ಉಜ್ಜಿ. ನಾನು ಮೊದಲ ಸಲ ಉಜ್ಜಲಿಲ್ಲ, ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು.

ಪ್ಲಾಸ್ಟಿಕ್ ಹಿತ್ತಾಳೆಯಂತೆ ಕಾಣುವುದು ಹೇಗೆ? ಇದನ್ನು ಕಲಿಯಲು ನಮಗೆ ವಿಡಿಯೋ ಬೇಕಿಲ್ಲ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ದೀಪದ ಕಂಬ ತಿಕ್ಕಿದ ನೆನಪು ಇದೆಯಲ್ಲ, ಅದು ಸಾಕು. ಎದ್ದು ಕಾಣುವ ಅಂಚೆಲ್ಲ ಹೊಳೆಯುತ್ತದೆ. ಬೆರಳು ಹೋಗದ ಸಂದಿಯಲ್ಲಿ ಕಪ್ಪು ಉಳಿಯುತ್ತದೆ. ಮೂಲೆಯಲ್ಲಿ ಹಸಿರು ಕಿಲುಬು. ಬಣ್ಣವನ್ನೂ ಅದೇ ಕ್ರಮದಲ್ಲಿ ಹಚ್ಚಿ. ಮೊದಲು ಇಡೀ ವಸ್ತುವಿಗೆ ಕಪ್ಪು ಅಕ್ರಿಲಿಕ್. ಅದು ಒಣಗಿದ ಮೇಲೆ ಬ್ರಷ್ಷನ್ನು ಹಿತ್ತಾಳೆ ಬಣ್ಣಕ್ಕೆ ಅದ್ದಿ, ಪೇಪರಿನ ಮೇಲೆ ಒರೆಸಿ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಎದ್ದ ಅಂಚುಗಳ ಮೇಲೆ ಮಾತ್ರ ಸವರಿ. ಸಂದಿಗೆ ಬಣ್ಣ ಹೋಗಬಾರದು. ಕೊನೆಗೆ ಒಂದೆರಡು ಮೂಲೆಯಲ್ಲಿ ಚೂರು ಹಸಿರು ನೀಲಿ. ಇಡೀ ವಸ್ತುವಿಗೆ ಬಂಗಾರದ ಸ್ಪ್ರೇ ಹೊಡೆದರೆ ಅದು ಆಟಿಕೆಯಂತೆಯೇ ಕಾಣುತ್ತದೆ.

ಮಸಿಗೆ ಕಪ್ಪು ಮತ್ತು ಕಂದು ಬಣ್ಣ ಕಲಸಿ, ಸ್ಪಂಜಿನಿಂದ ಲಂಗದ ಅಂಚಿಗೂ ಬೂಟಿಗೂ ತಟ್ಟಿದೆ. ಆಫೀಸಿಗೆ ಹಾಕುವ ಲಂಗ ಅಲ್ವಾ, ಅದಕ್ಕೇ ಅಂಚಿನ ಒಳಗೆ ಬೇರೆ ಬಟ್ಟೆಯ ಪಟ್ಟಿಯನ್ನು ಟಿಚ್ ಬಟನ್‌ನಿಂದ ಸೇರಿಸಿ, ಮಸಿಯನ್ನು ಅದರ ಮೇಲೆ ಮಾತ್ರ ಹಾಕಿದೆ.

"ಎಲ್ಲಾ ಕಂದು ಬಣ್ಣವೇ ಇರಬೇಕಾ?" ಬೇಡ. 1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಬೇಕಾದ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಕಲ್ಲಿದ್ದಲ ಡಾಂಬರಿನಿಂದ ಬಂದ ಬಣ್ಣ ಅದು. ಎರಡೇ ವರ್ಷದಲ್ಲಿ, ಮಗಳ ಮದುವೆಗೆ, ರಾಣಿಯೇ ಆ ಬಣ್ಣದ ಉಡುಪು ಹಾಕಿದಳು. ನಿಮ್ಮ ಕಪಾಟಿನಲ್ಲಿ ಕಂದು ಇಲ್ಲ, ಕಡು ನೇರಳೆ ಇದೆ ಅಂದರೆ ಹೊಸದು ಕೊಳ್ಳಬೇಡಿ.

ಕನ್ನಡದವರು ಮಾತ್ರ ಕೇಳುವ ಇನ್ನೊಂದು ಪ್ರಶ್ನೆ ಇದೆ. "ನಮ್ಮನ್ನು ಆಳಿದವರ ಕಾಲದ ಬಟ್ಟೆ ಹಾಕೋಕೆ ಮನಸ್ಸಿಗೆ ಕಸಿವಿಸಿ ಆಗಲ್ವಾ?" ಇದು ಕೇಳಬೇಕಾದ ಪ್ರಶ್ನೆಯೇ. ಬ್ರಿಟಿಷ್ ಸಾಹೇಬರು ಹಾಕುತ್ತಿದ್ದ ಸೋಲಾ ಟೋಪಿಯನ್ನು ನಾನು ಮುಟ್ಟುವುದಿಲ್ಲ. ಪದಕ ತೂಗುವ ಸೇನೆಯ ಕೋಟೂ ಬೇಡ. ಆ ಕಾಲದ ಸಾಹೇಬರ ಪಾತ್ರ ನನಗೆ ಬೇಕಿಲ್ಲ, ಕಲ್ಲಿದ್ದಲು ಎತ್ತಿದವರ ಪಾತ್ರ ಬೇಕು. ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಅಂದರೆ ಹಬೆಯ ಕಾಲ ನಮ್ಮದೂ ಹೌದು. ಆ ಕಾಲದಲ್ಲಿ ನಮ್ಮ ಹೆಂಗಸೊಬ್ಬಳು ಎಂಜಿನ್ ನಡೆಸಿದ್ದರೆ ಏನು ಉಡುತ್ತಿದ್ದಳು? ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ್ದು ಇದನ್ನೇ: ಕಾಟನ್ ಸೀರೆಯನ್ನು ಕಚ್ಚೆ ಹಾಕಿ ಉಡು, ಮೇಲೆ ನಿಮ್ಮಪ್ಪನ ಮದುವೆ ಸೂಟಿನ ವೇಸ್ಟ್‌ಕೋಟ್ ಹಾಕು. ಅಟ್ಟದ ಮೇಲೆ ಸೀಮೆಎಣ್ಣೆ ಪಂಪ್ ಸ್ಟೌ ಇರಬೇಕು, ಇಳಿಸು. ಅಂಥ ಸ್ಟೌ ಸ್ವೀಡನ್‌ನಲ್ಲಿ ಹುಟ್ಟಿದ್ದು 1892ರಲ್ಲಿ, ರಾಣಿ ಇನ್ನೂ ಬದುಕಿದ್ದಾಗ. ಹಿತ್ತಾಳೆಯ ಟ್ಯಾಂಕು, ಪಂಪು, ಬರ್ನರ್, ಎಲ್ಲಾ ಅಸಲಿ. ಎಣ್ಣೆ ಪೂರ್ತಿ ಖಾಲಿ ಮಾಡಿ, ತೊಳೆದು, ಬೆಲ್ಟಿನಿಂದ ಬೆನ್ನಿಗೆ ಕಟ್ಟಿಕೋ. ಅದು ಏನು ಮಾಡುತ್ತೆ ಅಂತ ಯಾರಾದರೂ ಕೇಳಿದರೆ ಹೇಳೋಕೆ ನಿನಗೆ ಬರುತ್ತೆ. ಮನೆಯಲ್ಲಿ ಇಲ್ಲದಿದ್ದರೆ ಗುಜರಿ ಅಂಗಡಿಯಲ್ಲಿ ಕೇಳು. ದಪ್ಪ ಕೋಟು ಮಾತ್ರ ಬೇಡ, ಜನರ ನಡುವೆ ಬೆವರಿ ಸುಸ್ತಾಗುತ್ತೀ.

ಲೆಕ್ಕ ಕೊಡುತ್ತೇನೆ. ವೇಸ್ಟ್‌ಕೋಟ್ 5 ಪೌಂಡ್. ಫೆಲ್ಟ್ ಹ್ಯಾಟ್ 4. ಬೆಲ್ಟಿಗೂ ಗಾಗಲ್ಸಿನ ಪಟ್ಟಿಗೂ ಕತ್ತರಿಸಿದ ಹಳೇ ಚರ್ಮದ ಕೈಚೀಲ 2. ಪೈಪಿನ ತುಂಡು 2. ಬಣ್ಣ 5. ಗ್ಲೂ, ಸೂಜಿ, ದಾರ ಮನೆಯಲ್ಲಿತ್ತು. ಒಂದು ಗಿಯರೂ ಕೊಂಡಿಲ್ಲ.

ಹೋದ ಆಗಸ್ಟಿನಲ್ಲಿ ಲಿಂಕನ್‌ನ ಸ್ಟೀಪ್ ಹಿಲ್ ಏರುತ್ತಾ, ಉಸಿರು ಬಿಡಲು ಒಂದು ಕಡೆ ನಿಂತಿದ್ದೆ. ಹೆಸರಿಗೆ ತಕ್ಕ ಹಾಗೆ ತೀರಾ ಕಡಿದಾದ ಬೀದಿ ಅದು. ರೈಲ್ವೆಯವರಂತೆ ವೇಷ ಹಾಕಿದ್ದ ವಯಸ್ಸಾದ ಒಬ್ಬರು ಪಕ್ಕದಲ್ಲಿ ನಿಂತರು. ನನ್ನ ಬೂಟನ್ನೂ ಲಂಗದ ಅಂಚನ್ನೂ ನೋಡಿ, "ಮಸಿ ಬರೀ ಕೆಳಗೆ ಯಾಕಿದೆ?" ಅಂತ ಕೇಳಿದರು. ನಾನು ಜಿಫಾರ್‌ನ ಕೆಳಮುಖದ ಕೊಳವೆಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಜೇಬಿನಿಂದ ಎಣ್ಣೆ ಮೆತ್ತಿದ ಹಳೇ ಬಟ್ಟೆ ತುಂಡೊಂದನ್ನು ತೆಗೆದು ನನ್ನ ಬೆಲ್ಟಿಗೆ ಸಿಕ್ಕಿಸಿದರು. "ಕೈ ಒರೆಸೋಕೆ ಬಟ್ಟೆ ಇಲ್ಲದ ಮೆಕ್ಯಾನಿಕ್ ಇರಲ್ಲಮ್ಮ" ಅನ್ನುವಂಥ ಮಾತು ಹೇಳಿ ಮೇಲೆ ಹತ್ತಿ ಹೋದರು. ಆ ತುಂಡನ್ನು ಒಗೆಯದೆ ಹಾಗೇ ಇಟ್ಟಿದ್ದೇನೆ. ಈ ವರ್ಷವೂ ಅದು ಎಡಗಡೆಯೇ ತೂಗುತ್ತದೆ.