ಮೂಗು ಸಿಗುತ್ತೆ, ಕಿವಿ ಸಿಗಲ್ಲ

ತಲೆಬುರುಡೆಯಿಂದ ಮುಖ ಕಟ್ಟೋದನ್ನು ಕಲಿಯಲು ಸ್ಕಾಟ್ಲೆಂಡಿನ ಡಂಡಿ ಯೂನಿವರ್ಸಿಟಿಗೆ ಹೋಗ್ತೀನಿ ಅಂದಾಗ ಅವ್ವ ಹೇಳಿದ್ದು ಇಷ್ಟೇ: “ಮಣ್ಣಾಗ ಮಾರಿ ಮಾಡೂದು ಕಲ್ಯಾಕ ಅಷ್ಟು ದೂರ ಯಾಕ? ಗಣಪತಿ ಮಾಡೋರ ಹತ್ರ ಹೋಗು.” ನಾನು ಧಾರವಾಡದ ಡೆಂಟಿಸ್ಟ್. ಬಿಡಿಎಸ್ ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತಿ ಕೆತ್ತಿ ಕೈ ಪಳಗಿತ್ತು. ಮಣ್ಣು ಕಷ್ಟ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಆಗಲೂ ಇಲ್ಲ. ಕಷ್ಟ ಆಗಿದ್ದು ಕೈಯನ್ನು ತಡೆದು ಹಿಡಿಯೋದು.

ಅಲ್ಲಿ ನಮಗೊಂದು ಪರೀಕ್ಷೆ ಇತ್ತು. ಎಲ್ಲರಿಗೂ ಒಂದೇ ಬುರುಡೆಯ 3ಡಿ ಪ್ರಿಂಟ್ ಕೊಟ್ಟಿದ್ದರು. ಅದು ಬದುಕಿರುವ ಒಬ್ಬ ಹೆಂಗಸಿನದು. ಆಕೆ ಒಪ್ಪಿ ಕೊಟ್ಟ ಸಿಟಿ ಸ್ಕ್ಯಾನಿನಿಂದ ತೆಗೆದದ್ದು. ವಯಸ್ಸು 40ರ ಆಸುಪಾಸು, ಅಲ್ಲಿನವರೇ. ಇಷ್ಟು ಬಿಟ್ಟು ಬೇರೇನೂ ಹೇಳಿರಲಿಲ್ಲ. ಫೋಟೋ ನಮ್ಮ ಟ್ಯೂಟರ್ ಹತ್ತಿರ ಲಕೋಟೆಯಲ್ಲಿತ್ತು. ಲಕೋಟೆ ತೆರೆಯೋ ದಿನ ಬೆಳಿಗ್ಗೆಯಿಂದ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ಬುರುಡೆಯ ಮೇಲೆ ಅಲ್ಲಲ್ಲಿ ಸಣ್ಣ ಕಡ್ಡಿಗಳನ್ನು ನೆಡುತ್ತೇವೆ. ಆ ಜಾಗದಲ್ಲಿ ಚರ್ಮ, ಮಾಂಸ ಸರಾಸರಿ ಎಷ್ಟು ದಪ್ಪ ಇರುತ್ತೋ ಅಷ್ಟೇ ಉದ್ದದ ಕಡ್ಡಿ. ಹಣೆಯಲ್ಲಿ ಕೆಲವೇ ಮಿಲಿಮೀಟರ್, ಕೆನ್ನೆಯಲ್ಲಿ ಜಾಸ್ತಿ. ಆಮೇಲೆ ಒಂದೊಂದೇ ಸ್ನಾಯುವನ್ನು ಮಣ್ಣಿನಲ್ಲಿ ಮಾಡಿ ಕೂರಿಸುವುದು. ಅಗಿಯುವ ಸ್ನಾಯು, ಕಣ್ಣಿನ ಸುತ್ತಲಿನದು, ತುಟಿಯ ಸುತ್ತಲಿನದು. ಚರ್ಮ ಬರೋದು ಕೊನೆಗೆ.

ಕಣ್ಣುಗೂಡಿನ ಹೊರಗಿನ ಅಂಚಿನ ಒಳಬದಿಯಲ್ಲಿ ಬೆರಳಿಟ್ಟು ತಡಕಿದರೆ ಒಂದು ಪುಟ್ಟ ಉಬ್ಬು ಸಿಗುತ್ತೆ. ಕಣ್ಣಿಗೆ ಕಾಣೋದಕ್ಕಿಂತ ಬೆರಳಿಗೆ ಬೇಗ ಗೊತ್ತಾಗುತ್ತೆ. ಕಣ್ಣಿನ ಹೊರತುದಿ ಕೂರೋದು ಅದರ ಮಟ್ಟದಲ್ಲೇ. ಮೂಗಿಗೂ ಲೆಕ್ಕ ಇದೆ. ಬುರುಡೆಯಲ್ಲಿರುವ ಮೂಗಿನ ತೂತಿನ ಅಗಲ, ಮೂಗಿನ ಒಟ್ಟು ಅಗಲದ ಐದರಲ್ಲಿ ಮೂರು ಭಾಗ. ತೂತು 21 ಮಿ.ಮೀ. ಇದ್ದರೆ ಮೂಗು 35 ಮಿ.ಮೀ. ಬಾಯಿ ನನ್ನ ಸ್ವಂತ ಇಲಾಖೆ: ತುಟಿಯ ದಪ್ಪಕ್ಕೆ ಮುಂದಿನ ಹಲ್ಲುಗಳ ಎತ್ತರ ನೋಡಬೇಕು, ಬಾಯಿಯ ತುದಿಗೆ ಕೋರೆಹಲ್ಲಿನ ಹಿಂಬದಿ. ಕಿವಿಗೆ ಮಾತ್ರ ಏನೂ ಇಲ್ಲ. ಕಿವಿಯಲ್ಲಿ ಎಲುಬೇ ಇಲ್ಲ, ಬರೀ ಮೆತ್ತನೆಯ ಮೃದ್ವಸ್ಥಿ ಮತ್ತು ಚರ್ಮ; ಬುರುಡೆಯಲ್ಲಿ ಉಳಿಯೋದು ಒಂದು ತೂತು ಅಷ್ಟೇ.

ನನ್ನ ಪಕ್ಕದ ಮೇಜಿನವಳು ಶಿಲ್ಪಕಲೆ ಓದಿ ಬಂದವಳು. ಅವಳು ಮಾಡಿದ ಮುಖ ಇನ್ನೇನು ಮಾತಾಡುತ್ತೆ ಅನ್ನಿಸುತ್ತಿತ್ತು. ಬಾಯಿಯ ತುದಿಯಲ್ಲಿ ಒಂಚೂರು ನಗು ಇಟ್ಟಿದ್ದಳು. ಟ್ಯೂಟರ್ ಬಂದು ನೋಡಿ, ಏನೂ ಹೇಳದೆ ಹೆಬ್ಬೆರಳಿನಿಂದ ಆ ನಗುವನ್ನು ಒರೆಸಿಬಿಟ್ಟರು. ಆಮೇಲೆ ಕೇಳಿದರು: “ಈಕೆ ನಗೋದನ್ನು ಬುರುಡೆ ಎಲ್ಲಿ ಹೇಳಿದೆ, ತೋರಿಸು.” ನನಗೂ ಒಳಗೊಳಗೇ ಹುಬ್ಬು ಸ್ವಲ್ಪ ತೀಡಬೇಕು ಅನ್ನಿಸುತ್ತಿತ್ತು. ಸುಮ್ನೆ ಕೈ ಕಟ್ಟಿಕೊಂಡು ಕೂತೆ.

ಈ ಮುಖಗಳು ಯಾಕೆ ಇಷ್ಟು ಸಪ್ಪೆ ಅಂತ ಬಹಳ ಜನ ಕೇಳ್ತಾರೆ. ಬೇಕಂತಲೇ ಸಪ್ಪೆ. ಪೊಲೀಸ್ ಕೇಸಿನಲ್ಲಿ ಈ ಮುಖ ಗುರುತಿನ ಸಾಕ್ಷಿ ಅಲ್ಲ. ಯಾರೋ ಒಬ್ಬರು ಪೇಪರ್ ನೋಡಿ “ಇದು ನಮ್ಮ ಅಣ್ಣನ ಥರ ಇದೆಯಲ್ಲ” ಅಂತ ಫೋನ್ ಮಾಡಬೇಕು. ಅಷ್ಟಾದರೆ ಅದರ ಕೆಲಸ ಮುಗೀತು. ಉಳಿದದ್ದನ್ನು ಡಿಎನ್ಎ, ಹಲ್ಲಿನ ದಾಖಲೆ ನೋಡಿಕೊಳ್ಳುತ್ತೆ. ನಮ್ಮಲ್ಲಿ ಹೆಚ್ಚಾಗಿ ಕೇಳಿಬರೋದು ಫೋಟೋ ಮೇಲೆ ಬುರುಡೆಯ ಚಿತ್ರ ಕೂರಿಸಿ ತಾಳೆ ನೋಡುವ ವಿಧಾನ. ಅದಕ್ಕೆ ಮೊದಲೇ ಒಂದು ಹೆಸರಿನ ಅನುಮಾನ ಇರಬೇಕು, ಅವರ ಫೋಟೋ ಬೇಕು. ಬುರುಡೆ ಯಾರದಿರಬಹುದು ಅನ್ನೋ ಅನುಮಾನವೇ ಇಲ್ಲದಾಗ ಮುಖ ಕಟ್ಟುವವರನ್ನು ಕರೀತಾರೆ.

ಟ್ಯೂಟರ್ ಪದೇ ಪದೇ ಹೇಳುತ್ತಿದ್ದ ಕೇಸು ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ಸ್ಟೇಷನ್ನಿನದು. 1987ರ ನವೆಂಬರಿನಲ್ಲಿ ಅಲ್ಲಿ ಬೆಂಕಿ ಬಿದ್ದು 31 ಜನ ಸತ್ತರು. ಒಬ್ಬರ ಗುರುತು ಮಾತ್ರ ಸಿಗಲಿಲ್ಲ. ಮ್ಯಾಂಚೆಸ್ಟರಿನ ರಿಚರ್ಡ್ ನೀವ್ ಆ ಬುರುಡೆಗೆ ಮುಖ ಕಟ್ಟಿದರು, ಚಿತ್ರ ಎಲ್ಲ ಕಡೆ ಹೋಯಿತು. ಹೆಸರು ಸಿಕ್ಕಿದ್ದು 2004ರಲ್ಲಿ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನ, 70 ದಾಟಿದ ಹಿರಿಯರು. ತನಿಖೆಯವರು ಅಂದಾಜು ಮಾಡಿದ್ದ ವಯಸ್ಸು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಮನೆಯವರ ಅನುಮಾನಕ್ಕೂ ಪೊಲೀಸರ ಲೆಕ್ಕಕ್ಕೂ ತಾಳೆಯೇ ಆಗಿರಲಿಲ್ಲ. ಮುಖದ ಕೆಳಗೆ ಬರೆಯುವ ಒಂದು ಸಾಲು ತಪ್ಪಿದರೆ ಮುಖ ಎಷ್ಟು ಚೆನ್ನಾಗಿದ್ದೂ ಏನು ಪ್ರಯೋಜನ?

ಲಕೋಟೆ ತೆರೆಯೋ ದಿನ ಮಧ್ಯಾಹ್ನ ಮೇಜಿನ ಮೇಲೆ ಐದು ಹೆಂಗಸರ ಫೋಟೋ ಇಟ್ಟರು. ಅದರಲ್ಲಿ ಒಬ್ಬರು ಮಾತ್ರ ನಮ್ಮ ಬುರುಡೆಯವರು. ಆಫೀಸಿನಿಂದ ಇಬ್ಬರನ್ನು ಕರೆಸಿ, ಒಂದೊಂದು ಮಣ್ಣಿನ ತಲೆಗೂ ಹೋಲುವ ಫೋಟೋ ಆರಿಸಿ ಅಂದರು. ನನ್ನ ತಲೆ ಗೊಂಬೆಯಂಗಡಿಯ ಶೋಕೇಸಿನಲ್ಲಿರುವ ಹಾಗೆ ಕಾಣುತ್ತಿತ್ತು. ಆದರೂ ಒಬ್ಬಾತ ನೇರವಾಗಿ ಬಂದು ಸರಿಯಾದ ಫೋಟೋ ಮೇಲೆ ಬೆರಳಿಟ್ಟ. ಇನ್ನೊಬ್ಬಾಕೆ ಬಹಳ ಹೊತ್ತು ನೋಡಿ ಬೇರೆಯವರನ್ನು ತೋರಿಸಿದಳು.

ಆಮೇಲೆ ಎಲ್ಲ ತಲೆಗಳನ್ನೂ ಸಾಲಾಗಿ ಇಟ್ಟು ಫೋಟೋ ಜೊತೆ ನೋಡಿದೆವು. ಮೂಗು ಎಲ್ಲರದೂ ಹತ್ತಿರ ಬಂದಿತ್ತು. ಹಣೆ, ದವಡೆ, ಕಣ್ಣುಗಳ ನಡುವಿನ ಅಂತರ ಕೂಡ. ಕಿವಿ ಒಬ್ಬೊಬ್ಬರದು ಒಂದೊಂದು ಥರ. ಫೋಟೋದಲ್ಲಿದ್ದ ಆಕೆಗೆ ತುಂಬಿದ ಕೆನ್ನೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ನಾವೆಲ್ಲ ಸರಾಸರಿಯ ಕಡ್ಡಿ ನೆಟ್ಟು ಆಕೆಯನ್ನು ಡಯೆಟ್ ಮಾಡಿಸಿಬಿಟ್ಟಿದ್ದೆವು. ಕೂದಲು ಗಿಡ್ಡ, ಅದನ್ನು ಯಾರೂ ಊಹಿಸಿರಲಿಲ್ಲ.

ಕೂದಲು, ಬಣ್ಣದ ವಿಚಾರದಲ್ಲಿ ದೊಡ್ಡವರಿಗೂ ಇದೇ ಗತಿ. 2012ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಕಾರ್ ಪಾರ್ಕಿನ ಕೆಳಗೆ ರಾಜ ಮೂರನೇ ರಿಚರ್ಡನ ಎಲುಬು ಸಿಕ್ಕಿತಲ್ಲ, ಅದಕ್ಕೆ ಮುಖ ಕೊಟ್ಟವರು ಆಗ ಡಂಡಿಯಲ್ಲೇ ಇದ್ದ ಪ್ರೊಫೆಸರ್ ಕ್ಯಾರೊಲಿನ್ ವಿಲ್ಕಿನ್ಸನ್. ಮುಖ 2013ರಲ್ಲಿ ಹೊರಬಂತು. ಮರುವರ್ಷ ಡಿಎನ್ಎ ವರದಿ ಬಂದು, ರಾಜನ ಕಣ್ಣು ನೀಲಿ ಇರುವ ಸಂಭವ ಶೇ. 96 ಅಂದಿತು. ಆಕಾರ ಹಾಗೇ ಉಳಿಯಿತು, ಬಣ್ಣ ಮತ್ತೆ ಹಚ್ಚಬೇಕಾಯಿತು. 2025ರಲ್ಲಿ ತಮಿಳುನಾಡಿನ ಕೀಳಡಿ ಪಕ್ಕದ ಕೊಂದಗೈಯಲ್ಲಿ ಸಿಕ್ಕ ಸುಮಾರು 2,500 ವರ್ಷ ಹಳೆಯ ಎರಡು ಬುರುಡೆಗಳಿಗೆ, ಮದುರೈ ಕಾಮರಾಜ್ ಯೂನಿವರ್ಸಿಟಿಯವರ ಜೊತೆ ಸೇರಿ, ಲಿವರ್‌ಪೂಲಿನಲ್ಲಿ ಆಕೆಯ ‘ಫೇಸ್ ಲ್ಯಾಬ್’ ಮುಖ ಕೊಟ್ಟಿತು. ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಜಗಳ ನಡೆದಿದ್ದು ಬರೀ ಮೈಬಣ್ಣದ ಮೇಲೆ. ಎಲುಬು ಹೇಳದೇ ಇದ್ದದ್ದೇ ಅದನ್ನು!

ಇದರಲ್ಲಿ ಕೆಲಸ ಸಿಗುತ್ತಾ ಅಂತ ನನ್ನ ಸ್ಟೂಡೆಂಟ್ಸ್ ಕೇಳ್ತಾರೆ. ಬುರುಡೆಗಳಿಗೆ ಮುಖ ಕಟ್ಟಿ ಹೆಸರಾದ ಸೋವಿಯತ್ ಮಾನವಶಾಸ್ತ್ರಜ್ಞ ಗೆರಾಸಿಮೊವ್‌ಗೆ ಮಾಸ್ಕೋದಲ್ಲಿ 1950ರಲ್ಲಿ ಇದಕ್ಕಂತಲೇ ಒಂದು ಲ್ಯಾಬ್ ಆಯಿತು. ಅಂಥ ಭಾಗ್ಯ ಎಷ್ಟು ಜನಕ್ಕೆ? ಅಮೆರಿಕದಲ್ಲಿ ಮುಖ ಕಟ್ಟುತ್ತಿದ್ದ ಬೆಟ್ಟಿ ಪ್ಯಾಟ್ ಗ್ಯಾಟ್‌ಲಿಫ್ ವೈದ್ಯಕೀಯ ಚಿತ್ರಗಳನ್ನು ಬರೆಯುವ ಕೆಲಸದಲ್ಲಿದ್ದವರು. ವಿಲ್ಕಿನ್ಸನ್ ಪಾಠ ಮಾಡೋದು ಆರ್ಟ್ ಸ್ಕೂಲಿನಲ್ಲಿ. ನನಗೆ ಗೊತ್ತಿರುವ ಯಾರೂ ಬರೀ ಮುಖ ಕಟ್ಟಿ ತಿಂಗಳ ಸಂಬಳ ಎಣಿಸ್ತಿಲ್ಲ. ಪಾಠ, ಮ್ಯೂಸಿಯಂ, ಆಗೊಂದು ಈಗೊಂದು ಪೊಲೀಸ್ ಕೇಸು. ಕೈಯಲ್ಲಿ ಇನ್ನೊಂದು ಕಸುಬು ಇಟ್ಟುಕೊಂಡೇ ಬನ್ನಿ ಅಂತೀನಿ.

ನಾನೂ ಅಷ್ಟೇ, ಡೆಂಟಲ್ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದೇನೆ. ಕಡ್ಡಿಯ ಉದ್ದ ಹೇಳುವ ಅಳತೆಗಳು ನಮ್ಮ ಜನರದ್ದು ಬಹಳ ಕಡಿಮೆ. ಚಂಡೀಗಢದವರು 2008ರಲ್ಲಿ ವಾಯವ್ಯ ಭಾರತದವರ ಮುಖದ ಅಳತೆ ಪ್ರಕಟಿಸಿದರು. ಹುಬ್ಬಳ್ಳಿ, ಗದಗದ ಕೆನ್ನೆಗೆ ಅದು ಎಷ್ಟು ಹೊಂದುತ್ತೋ! ಹಾಗಾಗಿ ಹಲ್ಲಿನ ತೊಂದರೆಗೆ ಅಂತ ಹೇಗೂ ಸ್ಕ್ಯಾನ್ ಮಾಡಿಸಿಕೊಂಡವರನ್ನು ಕೇಳಿ, ಸಹಿ ತಗೊಂಡು, ಅದರಿಂದಲೇ ಅಳತೆ ಬರೆದಿಡ್ತಿದ್ದೇನೆ. ಆಸ್ಪತ್ರೆಯ ಸಿಟಿ ಸ್ಕ್ಯಾನಿನಲ್ಲಿ ಮಲಗಿಸ್ತಾರೆ, ಕೆನ್ನೆ ಹಿಂದಕ್ಕೆ ಸರಿಯುತ್ತೆ. ನಮ್ಮ ದಂತ ಸ್ಕ್ಯಾನಿನಲ್ಲಿ ನಿಲ್ಲಿಸಿ ಇಲ್ಲವೇ ಕೂರಿಸಿ ತೆಗೀತೇವೆ, ಅದೊಂದು ಅನುಕೂಲ. ಹೋದ ತಿಂಗಳು ಒಬ್ಬ ಅಜ್ಜಿ ಸಹಿ ಹಾಕೋ ಮುಂಚೆ ಕೇಳಿದರು: “ನಂದು ಹಲ್ಲಿನ ಸೆಟ್ ಐತಿ. ತಗದು ಅಳೀತೀರೋ, ಹಾಕ್ಕೊಂಡ ಮ್ಯಾಲೋ?” ಸರಿಯಾದ ಪ್ರಶ್ನೆ. ಸೆಟ್ ತೆಗೆದರೆ ತುಟಿಯ ಲೆಕ್ಕವೇ ಬೇರೆ. ಅವರ ಸ್ಕ್ಯಾನ್ ಸೆಟ್ ಇಲ್ಲದೆ ಆಗಿತ್ತು. ಹಾಗಂತ ಬರೆದುಕೊಂಡು, ತುಟಿಯ ಜಾಗ ಖಾಲಿ ಬಿಟ್ಟು, ಹಣೆಯಿಂದ ಅಳೆಯಲು ಶುರು ಮಾಡಿದೆ.